ತೆರೆಯದ ಮೂರು ಚೂರಿಗಳು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಅಲಗಾವತಿ ಎಂಬ ರಾಜ್ಯವಿತ್ತು. ಅಲ್ಲಿ ದುಗ್ಗಿ ಎಂಬ ಹುಡುಗಿಯಿದ್ದಳು. ಅವಳಿಗೆ ಒಂದು ಹುಚ್ಚು. ಬೇರೆ ಹುಡುಗಿಯರು ಬಳೆಗಾರನನ್ನು ಕಂಡು ನಿಂತರೆ ಇವಳು ಗುಜರಿಯವನ ಗೋಣಿಚೀಲ ಕಂಡು ನಿಲ್ಲುತ್ತಿದ್ದಳು. ಹಿಡಿಯೊಳಗೆ ಅಲಗು ಮಡಚಿಕೊಳ್ಳುವ ಹಳೆಯ ಚೂರಿ ಎಲ್ಲಿ ಸಿಕ್ಕರೂ ಬಿಡುವವಳಲ್ಲ. ಮನೆಗೆ ತಂದು, ಹರಳೆಣ್ಣೆಯಲ್ಲಿ ನೆನೆಸಿ, ತುಕ್ಕು ತಿಕ್ಕಿ, ಕೀಲು ಸಡಿಲಿಸಿ, ಸಾಣೆಕಲ್ಲಿಗೆ ಹಿಡಿಯುವಳು. ಆಮೇಲೆ ತೆರೆಯುವಳು. ಟಕ್! ಆ ಸದ್ದು ಕೇಳಿದರೆ ಅವಳಿಗೆ ಊಟವೂ ಬೇಡ. ಅಲಗುಗಳನ್ನು ತೆರೆದೇ ಗೂಡಿನಲ್ಲಿ ಸಾಲಾಗಿ ಜೋಡಿಸಿ ನೋಡುತ್ತ ಕೂರುವಳು. ಸೊಂಟದಲ್ಲಿ ಒಂದಾದರೂ ಚೂರಿಯಿಲ್ಲದೆ ಹೊಸ್ತಿಲು ದಾಟಿದವಳಲ್ಲ.

"ಗಂಡನ ಮನೆಗೆ ತುಕ್ಕು ಹೊತ್ಕೊಂಡು ಹೋಗ್ತೀಯೇನೇ?" ಎಂದು ಅವಳ ಅಕ್ಕ ಗೌರಕ್ಕ ರೇಗಿಸುವಳು. ತಾಯಿಯಿಲ್ಲದ ದುಗ್ಗಿಯನ್ನು ಕೈತುತ್ತು ಕೊಟ್ಟು ಸಾಕಿದವಳು ಆ ಅಕ್ಕನೇ. ಈಗ ಗೌರಕ್ಕನಿಗೆ ದಿನ ತುಂಬಿತ್ತು.

ಒಂದು ಬೆಳಗ್ಗೆ ನೋಡಿದರೆ ರಾಜ್ಯದಲ್ಲಿ ಯಾವುದೂ ಕೊಯ್ಯುತ್ತಿಲ್ಲ! ಈಳಿಗೆಮಣೆಯ ಮೇಲಿಂದ ಬದನೆಕಾಯಿ ಜಾರಿತು. ಕುಡುಗೋಲು ಪೈರನ್ನು ಸವರಿ ಸುಮ್ಮನಾಯಿತು. ಕ್ಷೌರಿಕ ರಾಜನ ಕೆನ್ನೆಯನ್ನು ಮೂರು ಸಲ ಕೆರೆದ. ಒಂದು ಕೂದಲೂ ಉದುರಲಿಲ್ಲ, ರಾಜನ ಸಿಟ್ಟು ಮಾತ್ರ ನೆತ್ತಿಗೇರಿತು. ಜನರ ಹಲ್ಲೂ ಮೊಂಡಾಗಿದ್ದವು. ಇಲಿಗಳು ಕಾಳು ಕಡಿಯಲಾಗದೆ ಕಣಜದ ಮುಂದೆ ಅಳುತ್ತ ಕೂತವು.

ಇದೆಲ್ಲ ಕಾಳಜಟಿ ಎಂಬ ಮಾಂತ್ರಿಕನ ಕೆಲಸ. ಅವನಿಗೆ ಮುನ್ನೂರು ವರ್ಷ ವಯಸ್ಸು, ಇನ್ನೂ ಬದುಕುವ ಆಸೆ. ಹೊಕ್ಕುಳಬಳ್ಳಿ ಕತ್ತರಿಸದ ಕೂಸಿನ ಆಯಸ್ಸನ್ನು, ಹುಟ್ಟಿದ ಏಳನೆಯ ದಿನ ಸೂರ್ಯ ಮುಳುಗುವಾಗ, ಆ ಬಳ್ಳಿಯಿಂದಲೇ ಹೀರಿಕೊಳ್ಳುವ ಮಂತ್ರ ಅವನಿಗೆ ಸಿದ್ಧಿಸಿತ್ತು. ಅದಕ್ಕೇ ರಾಜ್ಯದ ಹರಿತವನ್ನೆಲ್ಲ ಒಂದು ಚರ್ಮದ ಚೀಲದೊಳಕ್ಕೆ ಎಳೆದುಕೊಂಡಿದ್ದ. ಆ ದಿನ ಹೆತ್ತ ಏಳು ಬಾಣಂತಿಯರನ್ನು ಕೂಸುಗಳ ಸಮೇತ ಸುಳಿಗಾಳಿಯಲ್ಲಿ ಎತ್ತಿ ಬೆಟ್ಟದ ಮೇಲಿನ ತನ್ನ ಕೋಟೆಗೆ ಒಯ್ದ. ಏಳನೆಯವಳು ಗೌರಕ್ಕ.

ರಾಜ ಸೈನ್ಯ ಕಳಿಸಿದ. ಮೊಂಡು ಕತ್ತಿ ಹಿಡಿದ ಸೈನ್ಯ ಬೆಟ್ಟದ ಬುಡದಲ್ಲಿದ್ದ ಬಳ್ಳಿಗಳ ಗೋಡೆಗೆ ಸಿಕ್ಕಿ, ಹೇಗೋ ಬಿಡಿಸಿಕೊಂಡು, ತಲೆ ತಗ್ಗಿಸಿ ಮರಳಿತು.

ದುಗ್ಗಿ ಐದು ದಿನ ಊಟ ನಿದ್ದೆ ಬಿಟ್ಟು ಚೂರಿಗಳನ್ನು ಮಸೆದಳು. ಸಾಣೆಕಲ್ಲು ಸವೆಯಿತೇ ಹೊರತು ಒಂದೂ ಹರಿತವಾಗಲಿಲ್ಲ. ಆರನೆಯ ದಿನ ಸಿಟ್ಟು ತಡೆಯಲಾರದೆ ಮೂಲೆಯ ಬುಟ್ಟಿಯನ್ನು ಒದ್ದಳು. ತುಕ್ಕು ಕಚ್ಚಿ ತೆರೆಯಲೇ ಆಗದ ನಾಲ್ಕು ಚೂರಿಗಳು ಅದರಿಂದ ಉರುಳಿದವು. ಒಂದರ ಕೀಲು ಕಳಚಿ, ಅಲಗು ಹೊರಬಿದ್ದು, ಅವಳ ಕಾಲಿನ ಹೆಬ್ಬೆರಳನ್ನು ಕೊಯ್ದಿತು.

ಕೊಯ್ದಿತು! ರಕ್ತ ಕಂಡು ದುಗ್ಗಿ ಕುಣಿದಾಡಿದಳು. ಪಕ್ಕದ ಮನೆಯ ಅಜ್ಜಿ, "ಅಯ್ಯೋ, ಹುಡುಗಿಗೆ ತಲೆ ಕೆಟ್ಟೋಯ್ತು" ಎಂದು ಬಾಗಿಲು ಹಾಕಿಕೊಂಡಳು. ಆದರೆ ಅದೇ ಚೂರಿಯನ್ನು ಸೌತೆಕಾಯಿಗೆ ಹಿಡಿಯುವಷ್ಟರಲ್ಲಿ ಅದರ ಹರಿತ ಬಿಳಿ ಕಿಡಿಯಾಗಿ ಹಾರಿ ಬೆಟ್ಟದ ಕಡೆ ಹೋಯಿತು. ದುಗ್ಗಿಗೆ ಅರ್ಥವಾಯಿತು. ಮುದ್ದು ಮಾಡಿ ತೆರೆದಿಟ್ಟ ಚೂರಿಗಳೆಲ್ಲ ಮಾಯೆಯ ಪಾಲಾಗಿವೆ. ತುಕ್ಕಿನಿಂದ ಮುಚ್ಚಿಕೊಂಡವು ಮಾಯೆಯ ಕಣ್ಣಿಗೆ ಬಿದ್ದಿಲ್ಲ. ತೆರೆದರೆ ಒಂದೇ ಒಂದು ಸಲ ಕೊಯ್ಯುತ್ತವೆ, ಅಷ್ಟೆ.

ಉಳಿದದ್ದು ಮೂರು: ಜಿಂಕೆಕೊಂಬಿನ ಹಿಡಿಯದು, ಮೀನಿನ ಆಕಾರದ ಹಿತ್ತಾಳೆ ಹಿಡಿಯದು, ಕರಿಮರದ ಹಿಡಿಯದು. ಮೂರಕ್ಕೂ ಎಣ್ಣೆ ಬಿಟ್ಟು, ಬಿಸಿ ಮಾಡಿ, ತೆರೆಯದೆಯೇ ಕೀಲು ಸಡಿಲಿಸಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡು, ಎಣ್ಣೆ ಕುಡಿಕೆ ಹಿಡಿದು, ಏಳನೆಯ ದಿನ ಕೋಳಿ ಕೂಗುವ ಹೊತ್ತಿಗೆ ಹೊರಟಳು.

ಬಳ್ಳಿಗಳ ಗೋಡೆ ಎದುರಾಯಿತು. ಒಂದೊಂದು ಬಳ್ಳಿಯೂ ತೊಡೆಯಷ್ಟು ದಪ್ಪ. ದುಗ್ಗಿ ಕೊಂಬಿನ ಚೂರಿ ತೆರೆದಳು. ಟಕ್! ಒಂದೇ ಏಟಿಗೆ ಗೋಡೆ ಹಳೇ ಪಂಚೆ ಹರಿದ ಹಾಗೆ ಮೇಲಿಂದ ಕೆಳಗೆ ಹರಿಯಿತು. ಹರಿತ ಕಿಡಿಯಾಗಿ ಹಾರಿತು. ಹೋಗಲಿ, ದಾರಿಯಂತೂ ಆಯಿತಲ್ಲ! ದುಗ್ಗಿ ಓಡಿದಳು.

ಓಡುತ್ತ ಓಡುತ್ತ ಕೈ ಹಿತ್ತಾಳೆ ಮೀನಿನ ಮೇಲೆ ಹೋಯಿತು. ಮೂರು ವರ್ಷದಿಂದ ಅವಳ ಬಳಿಯಿದ್ದ ಚೂರಿ. ಅದರ ಅಲಗನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಕೂದಲೆಳೆಯಷ್ಟು ತೆರೆದರೆ ಏನಾದೀತು? ನೋಡಿ ತಕ್ಷಣ ಮುಚ್ಚಿದರಾಯಿತು. ತೆರೆದಳು. ಅಲಗಿನ ಮೇಲೆ ಗರಿ ಬಿಚ್ಚಿದ ನವಿಲು! "ಅಬ್ಬಾ!" ಎನ್ನುವಷ್ಟರಲ್ಲಿ ಕಿಡಿ ಹಾರಿಹೋಯಿತು. ದುಗ್ಗಿ ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಂಡಳು. ಅಳುವುದಕ್ಕೂ ಹೊತ್ತಿರಲಿಲ್ಲ.

ಕೋಟೆಯ ಬಾಗಿಲಲ್ಲಿ ಆನೆಯಷ್ಟು ದೊಡ್ಡ ಕರಡಿ ಕೂತಿತ್ತು. ಕುತ್ತಿಗೆಗೆ ಕಬ್ಬಿಣದ ಪಟ್ಟಿ, ಪಟ್ಟಿಗೆ ಸರಪಳಿ. ಕರಡಿ ಮಾತಾಡಿತು: "ಈ ಪಟ್ಟಿ ಕತ್ತರಿಸಿದ್ರೆ ದಾರಿ ಬಿಡ್ತೀನಿ. ಇಲ್ದಿದ್ರೆ ತಿಂತೀನಿ. ನನ್ನ ಹಲ್ಲೂ ಮೊಂಡು, ಹಾಗಾಗಿ ತಿನ್ನೋದು ಬಹಳ ಹೊತ್ತು ಹಿಡಿಯುತ್ತೆ."

ಉಳಿದಿದ್ದದ್ದು ಒಂದೇ ಚೂರಿ. ದುಗ್ಗಿ ಹತ್ತಿರ ಹೋಗಿ ಪಟ್ಟಿಯನ್ನು ತಿರುಗಿಸಿ ನೋಡಿದಳು. ಅವಳ ಮುಖ ಅರಳಿತು.

"ಕತ್ತರಿಸೋದ್ಯಾಕೆ, ಕರಡಿ ಮಾವ? ಇದಕ್ಕೆ ಕೀಲಿದೆ. ತುಕ್ಕು ಹಿಡಿದಿದೆ, ಅಷ್ಟೇ."

ಎಣ್ಣೆ ಬಿಟ್ಟಳು. ಕಾದಳು. ಕಲ್ಲಿನಿಂದ ಮೆಲ್ಲಗೆ ತಟ್ಟಿದಳು. ಮತ್ತೆ ಎಣ್ಣೆ, ಮತ್ತೆ ಕಾಯುವುದು. ಸೂರ್ಯ ಜಾರುತ್ತಿದ್ದ.

"ಜೋರಾಗಿ ಹೊಡಿಯೇ!" ಎಂದು ಕರಡಿ ಗುಡುಗಿತು.

"ಜೋರಾಗಿ ಹೊಡೆದ್ರೆ ಒಳಗೇ ಮುರಿಯುತ್ತೆ. ಸುಮ್ನಿರಿ ಮಾವ!"

ಮೂರನೆಯ ಸಲ ತಟ್ಟಿದಾಗ ಕೀಲು ಜಾರಿ ಕೆಳಗೆ ಬಿತ್ತು. ಕರಡಿ ಕುತ್ತಿಗೆ ಕೊಡವಿ, ದುಗ್ಗಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು, ನೂರು ಮೆಟ್ಟಿಲನ್ನು ಹತ್ತು ನೆಗೆತಕ್ಕೆ ಹಾರಿತು.

ಮೇಲೆ ದೊಡ್ಡ ಹಜಾರ. ಏಳು ಮಂಚ, ಏಳು ತಾಯಂದಿರು, ಏಳು ಕೂಸು. ಕಿಟಕಿಯಲ್ಲಿ ಸೂರ್ಯ ಅರ್ಧ ಮುಳುಗಿದ್ದ. ನಡುವೆ ಕಾಳಜಟಿ ನಿಂತಿದ್ದ, ಕೊರಳಲ್ಲಿ ಬಿಳಿ ಕಿಡಿಗಳಿಂದ ಉಬ್ಬಿ ಮಿನುಗುವ ಚರ್ಮದ ಚೀಲ.

"ದುಗ್ಗಿ! ಬಂದ್ಯಾ ನನ್ನವ್ವ!" ಗೌರಕ್ಕ ಕೂಗಿದಳು. "ಕತ್ತರ್ಸೇ, ನನ್ನ ಕೂಸಿನ ಬಳ್ಳಿ ಕತ್ತರ್ಸೇ!"

ಕಾಳಜಟಿ ನಕ್ಕ. "ಒಂದು ಚೂರಿ, ಒಂದು ಏಟು. ನಿನ್ನಕ್ಕನ ಕೂಸನ್ನ ಬಿಡಿಸ್ಕೊಂಡು ಹೋಗು, ಹುಡುಗಿ. ನಾನು ತಡೆಯೋದಿಲ್ಲ. ಆರು ನನಗೆ ಸಾಕು."

ಉಳಿದ ಆರು ತಾಯಂದಿರು ಕೂಸನ್ನು ಎದೆಗೆ ಒತ್ತಿಕೊಂಡು ದುಗ್ಗಿಯ ಕೈಯನ್ನೇ ನೋಡಿದರು. ದುಗ್ಗಿ ಅಕ್ಕನನ್ನು ನೋಡಿದಳು, ಅವರನ್ನು ನೋಡಿದಳು, ಚೀಲವನ್ನು ನೋಡಿದಳು. ಚೀಲ ಹರಿದರೆ ಏಳು ಕೂಸೂ ಉಳಿಯುತ್ತವೆ. ಮಾಯೆಯ ಚರ್ಮ ಹರಿಯದಿದ್ದರೆ ಅಕ್ಕನ ಕೂಸೂ ಹೋಗುತ್ತದೆ. ಅವಳು ಕಾಳಜಟಿಯ ಕಡೆ ನುಗ್ಗಿದಳು.

"ಆ ಕಡೆ ಎಲ್ಲಿಗೆ ಹೋಗ್ತೀಯೇ, ಪಾಪಿ!" ಅಕ್ಕನ ಕಿರುಚಾಟ ಬೆನ್ನಿಗೆ ಬಡಿಯಿತು.

ಕರಿಮರದ ಚೂರಿ ತೆರೆಯಿತು. ಟಕ್! ಒಂದೇ ಏಟು. ಚೀಲದ ಮೇಲೆ ಒಂದು ಗೆರೆ ಮೂಡಿತು, ಅಷ್ಟೇ. ಕಾಳಜಟಿ ಬಾಯಿ ತೆರೆದು ನಗತೊಡಗಿದ. ಆಗ ಆ ಗೆರೆ ಬಿರಿಯಿತು! ಸಾವಿರ ಸಾವಿರ ಬಿಳಿ ಕಿಡಿಗಳು ನುಗ್ಗಿ ಬಂದು, ಕಿಟಕಿಯಿಂದ ಹಾರಿ, ತಮ್ಮ ತಮ್ಮ ಕುಡುಗೋಲು, ಕತ್ತರಿ, ಈಳಿಗೆ ಹುಡುಕಿಕೊಂಡು ಊರ ಕಡೆ ಓಡಿದವು. ದುಗ್ಗಿಯ ಕೈಯ ಚೂರಿಯ ಹರಿತ ಈ ಸಲ ಎಲ್ಲಿಗೂ ಹೋಗಲಿಲ್ಲ. ಅವಳು ಮಂಚದಿಂದ ಮಂಚಕ್ಕೆ ಓಡಿದಳು. ಒಂದು, ಎರಡು, ಮೂರು... ಏಳನೆಯ ಬಳ್ಳಿ ಕತ್ತರಿಸಿದಾಗ ಸೂರ್ಯನ ಉಗುರಿನಷ್ಟು ಅಂಚು ಉಳಿದಿತ್ತು.

ಸೂರ್ಯ ಮುಳುಗಿದ. ಮುನ್ನೂರು ವರ್ಷ ಒಟ್ಟಿಗೇ ಬಂದು ಕಾಳಜಟಿಯ ಮೇಲೆ ಬಿತ್ತು. ಅವನು ನಿಂತಲ್ಲೇ ಬೂದಿಯಾದ. ಕರಡಿ ಒಂದು ಸೀನು ಸೀನಿತು, ಬೂದಿಯೂ ಉಳಿಯಲಿಲ್ಲ.

ಅಲಗಾವತಿಯಲ್ಲಿ ಪೈರು ಕೊಯ್ಲಾಯಿತು, ರಾಜನಿಗೆ ಕ್ಷೌರವಾಯಿತು, ಏಳು ತೊಟ್ಟಿಲು ಒಂದೇ ದಿನ ತೂಗಿದವು. ಆದರೆ ಗೌರಕ್ಕ ಮೂರು ದಿನ ತಂಗಿಯ ಜೊತೆ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನ ಕೇಳಿದಳು: "ಆ ಚೀಲ ಹರೀದೇ ಇದ್ದಿದ್ರೆ?"

"ಹರಿಯುತ್ತೆ ಅಂತ ನನಗೂ ಗೊತ್ತಿರ್ಲಿಲ್ಲ, ಅಕ್ಕ," ಎಂದಳು ದುಗ್ಗಿ. ಅಷ್ಟು ದಿನ ತಡೆದಿದ್ದ ಅಳು ಈಗ ಬಿಕ್ಕಿ ಬಿಕ್ಕಿ ಬಂತು.

ಗೌರಕ್ಕ ಅವಳ ತಲೆಗೆ ಒಂದು ಮೊಟಕಿದಳು. ಆಮೇಲೆ ಕೂಸನ್ನು ಎತ್ತಿ ಅವಳ ಮಡಿಲಿಗೆ ಹಾಕಿದಳು. "ಹಿಡ್ಕೋ. ಆ ಆರು ಜನಾನೂ ದಿನಾ ಬಂದು ನಿನ್ನ ಕೇಳ್ತಾವ್ರೆ. ನನ್ನ ತಂಗಿ ಅಂತ ಹೇಳ್ಕೊಳ್ಳೋಕೆ ನನಗೆ ಬಾಯಿ ಸಾಲ್ತಿಲ್ಲ."

ಏಳು ಕೂಸುಗಳೂ ನೂರು ವರ್ಷ ಬಾಳಿದವು. ಅಷ್ಟೂ ವರ್ಷ ಆ ರಾಜ್ಯದ ಜನ ನಗುನಗುತ್ತ ಉಂಡು, ನಗುನಗುತ್ತ ಮಲಗಿದರು.