ಹನ್ನೊಂದು ಸೆಕೆಂಡಿನ ಪಟ್ಟು

ಪ್ರತಿ ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಭಾವಮೈದ ಅದೇ ಕತೆ ಹೇಳುತ್ತಿದ್ದ. ಆರು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಿರಲಿಲ್ಲ. "ಭಾವನ ಮಂಡಿ ಟಪ್ ಅಂತು ನೋಡಿ, ಪಕ್ಕದ ಬೀದಿಗೂ ಕೇಳಿಸಿರ್ಬೇಕು!" ಎಂದು ಚಮಚದಿಂದ ತಟ್ಟೆಯ ಅಂಚಿಗೆ ಬಡಿದು ಸದ್ದು ಮಾಡಿ ತೋರಿಸುತ್ತಿದ್ದ. ಅವನ ಅಕ್ಕ, ಅಂದರೆ ರೆಫರಿಯ ಹೆಂಡತಿ, "ಸಾಕು ಸುಮ್ನಿರೋ" ಎಂದು ಗದರಿಸಿ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ರೆಫರಿ ನಗುತ್ತಿದ್ದ. ನಗದೆ ವಿಧಿಯಿರಲಿಲ್ಲ.

ಮಂಡಿ ಹೋದಾಗ ಅವನಿನ್ನೂ ರೆಫರಿಯಾಗಿರಲಿಲ್ಲ. ಪಂಜರದೊಳಗೆ ಕಾದಾಡುವ ಆಳು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ತಂಡದ ಆಯ್ಕೆಗೆ ಹತ್ತು ದಿನ ಉಳಿದಿದ್ದಾಗ, ಅಭ್ಯಾಸದಲ್ಲಿ ಭಾವಮೈದ ಅವನ ಹಿಮ್ಮಡಿ ಹಿಡಿದ. ರೆಫರಿ ಸೋತೆನೆಂದು ಮೂರು ಸಲ ನೆಲ ತಟ್ಟಿದ. ಮೂರನೆಯ ಸಲ ತಟ್ಟಿದ ಮೇಲೆಯೇ ಭಾವಮೈದ ತಿರುಚಿದ್ದು, ಮಂಡಿ ಮುರಿದದ್ದು. "ತಟ್ಟಿದ್ದು ಗೊತ್ತಾಗ್ಲಿಲ್ಲ ಭಾವ. ಆಟ ಅಂದ್ಮೇಲೆ ಇದೆಲ್ಲ ಇದ್ದದ್ದೇ," ಅಂದ. ತಂಡದಲ್ಲಿದ್ದ ಒಂದೇ ಜಾಗ ಅವನ ಪಾಲಾಯಿತು. "ನನ್ನ ಮುಖ ನೋಡಿ ಮರೆತುಬಿಡಿ" ಎಂದು ಹೆಂಡತಿ ಅತ್ತಳು. ಮರೆತೆ ಎಂದ. ಅಂದಿನಿಂದ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಮಹಡಿ ಹತ್ತುವಾಗಲೆಲ್ಲ ಅವನಿಗೆ ಮರೆತದ್ದು ನೆನಪಾಗುತ್ತಿತ್ತು.

ಕುಂಟುಗಾಲಿನವನು ಕಾದಾಡಲಾರ, ಎಣಿಸಬಲ್ಲ. ರೆಫರಿಯಾದ ಮೇಲೆ ಅವನಿಗೊಂದು ಹುಚ್ಚು ಹಿಡಿಯಿತು. ಯಾವ ಪಟ್ಟು ಎಷ್ಟು ಬೇಗ ಆಟ ಮುಗಿಸುತ್ತದೆ ಎಂದು ಅಖಾಡದಲ್ಲಿ ದಿನವೂ ವಾದ ನಡೆಯುತ್ತಿತ್ತು. ಬಾಯಿ ಬಡಾಯಿ ಬಿಟ್ಟರೆ ಲೆಕ್ಕ ಇಟ್ಟವರು ಯಾರೂ ಇರಲಿಲ್ಲ. ಪ್ರತಿ ಆಟದ ಸಮಯ ಬರೆದಿಡಿ ಎಂದು ಅವನು ಗಂಟೆಯಮ್ಮನನ್ನು ಕೇಳಿಕೊಂಡ. ಶಾಲೆಯ ಓಟದ ಪಂದ್ಯಗಳಿಗೆ ಮೂವತ್ತು ವರ್ಷ ಸಮಯ ಹಿಡಿದು ನಿವೃತ್ತರಾಗಿದ್ದ ಆಕೆ ಈಗ ಇಲ್ಲಿ ಸುತ್ತಿನ ಗಂಟೆ ಹೊಡೆಯುತ್ತಿದ್ದರು. ಕತ್ತಿನಲ್ಲಿ ಸದಾ ಸ್ಟೀಲಿನ ಸ್ಟಾಪ್‌ವಾಚ್. ಆಟ ನಡೆಯುವಾಗ ತುಟಿ ಎರಡು ಮಾಡುವವರಲ್ಲ. "ಮುಖ ನೋಡ್ಬೇಡಿ ಅಮ್ಮ, ಮುಖ ಸುಳ್ಳು ಹೇಳುತ್ತೆ. ಕಾಲ್ಬೆರಳು ನೋಡಿ. ಅದು ಸಡಿಲ ಆಯ್ತೋ, ಆಳಿಗೆ ಎಚ್ಚರ ಇಲ್ಲ ಅಂತಲೇ ಲೆಕ್ಕ," ಎಂದು ಅವನೇ ಹೇಳಿಕೊಟ್ಟ. ಪಟ್ಟು ಬಿಗಿದಾಗಿನಿಂದ ಆಳು ತಟ್ಟುವವರೆಗೆ ಅಥವಾ ಎಚ್ಚರ ತಪ್ಪುವವರೆಗೆ ಒಂದು ಕಾಲಂ. ಅಲ್ಲಿಂದ ಆಟ ನಿಲ್ಲಿಸುವ ರೆಫರಿಯ ಕೈ ಬೀಳುವವರೆಗೆ ಇನ್ನೊಂದು. ಅದು ಬರೀ ತನ್ನ ಕೈ ಎಷ್ಟು ಚುರುಕು ಎಂಬ ಅವನ ಜಂಬಕ್ಕೆ.

ಎರಡು ವರ್ಷದಲ್ಲಿ ಪಟ್ಟಿ ತಯಾರಾಯಿತು. ಆ ಅಖಾಡದ ಮಟ್ಟಿಗೆ ಹಿಮ್ಮಡಿ ಪಟ್ಟು ಮೂರು ಸೆಕೆಂಡು, ತೋಳು ಪಟ್ಟು ನಾಲ್ಕು, ಬೆನ್ನ ಹಿಂದಿನಿಂದ ಹಾಕುವ ಕತ್ತಿನ ಪಟ್ಟು ಒಂಬತ್ತು, ಎದುರಿನಿಂದ ಹಾಕುವ ಗಿಲೊಟಿನ್ ಹನ್ನೊಂದು. ಮೊದಲ ಸ್ಥಾನದಲ್ಲಿ ಅವನ ಮಂಡಿ ನುಂಗಿದ ಪಟ್ಟೇ. ಅದನ್ನೂ ಅವನೇ ದುಂಡಗೆ ಬರೆದು, ಗಾಜು ಹಾಕಿಸಿ, ಗೋಡೆಗೆ ತೂಗುಹಾಕಿದ. ಅಲ್ಲಿಗೆ ಆ ಹುಚ್ಚು ಇಳಿಯಿತು. ಇದು ಮೂರು ವರ್ಷದ ಹಿಂದಿನ ಮಾತು.

ಉಪಾಯ ಹೊಳೆದದ್ದು ಆ ಗಾಜಿನ ಮುಂದೆಯೇ. ಎಲ್ಲರೂ ಪಟ್ಟಿಯ ತುದಿ ನೋಡುತ್ತಿದ್ದರು. ಅವನ ಕಣ್ಣು ಬುಡದಲ್ಲಿ ನಿಂತಿತು. ಹಿಮ್ಮಡಿ ಹಿಡಿದರೆ ಆಳು ಕಿರುಚುತ್ತಾನೆ. ತೋಳು ಹಿಡಿದರೆ ತಟ್ಟುತ್ತಾನೆ. ಬೆನ್ನ ಹಿಂದಿನಿಂದ ಹಿಡಿದರೆ ಮುಖ ಊರಿಗೆಲ್ಲ ಕಾಣುತ್ತದೆ. ಗಿಲೊಟಿನ್‌ನಲ್ಲಿ ಮಾತ್ರ ತಲೆ ಎದುರಾಳಿಯ ಕಂಕುಳಲ್ಲಿ, ಮಡಚಿ ಇರುಕಿಸಿಕೊಂಡ ಪೇಪರಿನ ಹಾಗೆ ಮರೆಯಾಗುತ್ತದೆ. ಬಗ್ಗಿ ನೋಡುವ ರೆಫರಿಯನ್ನು ಬಿಟ್ಟು ಯಾರಿಗೂ ಆ ಮುಖ ಕಾಣದು. ಹನ್ನೊಂದು ಸೆಕೆಂಡಾದ ಮೇಲೆ ಆಳು ಕಿರುಚುವುದೂ ಇಲ್ಲ, ತಟ್ಟುವುದೂ ಇಲ್ಲ. ಆಮೇಲಿನ ಒಂದೊಂದು ಸೆಕೆಂಡೂ ರೆಫರಿಯ ಕೈಯಲ್ಲಿ.

ಭಾವಮೈದನನ್ನು ಅಖಾಡದಲ್ಲಿ ಗೂಳಿ ಎನ್ನುತ್ತಿದ್ದರು. ಗಂಟೆ ಬಾರಿಸಿದ್ದೇ ತಡ, ತಲೆ ತಗ್ಗಿಸಿ ಎದುರಾಳಿಯ ಕಾಲಿಗೆ ನುಗ್ಗುವುದು ಅವನ ರೀತಿ. "ನಾನು ತಟ್ಟೋ ಆಸಾಮಿ ಅಲ್ಲ" ಎಂಬ ಹಮ್ಮು ಬೇರೆ. ಆಯ್ಕೆ ಪಂದ್ಯಗಳಿಗೆ ಜೋಡಿ ಹಾಕುವವನು ರೆಫರಿಯೇ. ಒಬ್ಬ ವೆಲ್ಡರ್ ಇದ್ದ, ಉದ್ದ ತೋಳಿನವನು, ಕಬ್ಬಿಣದಂಥ ಮೊಣಕೈ. ಅವನಿಗೆ ಬರುತ್ತಿದ್ದದ್ದು ಒಂದೇ ಪಟ್ಟು, ಅದು ಗಿಲೊಟಿನ್. ಇಬ್ಬರ ಹೆಸರನ್ನೂ ರೆಫರಿ ಒಂದೇ ಸಾಲಿನಲ್ಲಿ ದುಂಡಗೆ ಬರೆದ.

ಸಂಬಂಧದ ಮಾತು ಎದ್ದೀತೆಂದು ತಾನೇ ಮೊದಲು ಎತ್ತಿದ. "ನಾನು ಅವನ ಭಾವ ಆಗ್ಬೇಕು. ಬೇರೆ ಯಾರನ್ನಾದ್ರೂ ನೋಡಿ," ಎಂದು ಅಖಾಡದ ಮಾಲೀಕನಿಗೆ ಹೇಳಿದ.

"ನಿಮ್ಮಷ್ಟು ಚುರುಕು ಕೈ ಇನ್ಯಾರಿಗಿದೆ? ಸುಮ್ನೆ ನಿಂತ್ಕೊಳ್ಳಿ," ಎಂದ ಮಾಲೀಕ. ಅವನು ಹೀಗೇ ಅನ್ನುತ್ತಾನೆಂದು ರೆಫರಿಗೆ ಗೊತ್ತಿತ್ತು.

ಆಯ್ಕೆ ಪಂದ್ಯಕ್ಕೆ ಪ್ರೇಕ್ಷಕರಿಲ್ಲ, ಫೋನಿಗೂ ಅವಕಾಶವಿಲ್ಲ. ಇದ್ದದ್ದು ಗೋಡೆಗೆ ಬಡಿದ ಒಂದೇ ಕ್ಯಾಮೆರಾ. ಎಲ್ಲಿ ಮಂಡಿಯೂರಿದರೆ ತನ್ನ ಬೆನ್ನು ಅದಕ್ಕೆ ಪೂರ್ತಿ ಅಡ್ಡ ಬರುತ್ತದೆಂದು ಅವನು ಎರಡು ದಿನ ಬೆಳಿಗ್ಗೆ ಬೇಗ ಬಂದು ನೋಡಿಕೊಂಡಿದ್ದ. ಗೂಳಿಯ ಪರ ಕೂಗಲು ಒಬ್ಬ ತರಬೇತುದಾರನೂ ಇರಲಿಲ್ಲ. ಎಲ್ಲರ ಜೊತೆಗೂ ಜಗಳ ಕಾದು ಆಗಿತ್ತು. ಇನ್ನು ವೆಲ್ಡರ್. "ನನ್ನ ಕೈ ಹೆಗಲ ಮೇಲೆ ಬೀಳೋವರೆಗೂ ಬಿಡ್ಬೇಡ" ಎಂದು ಅಖಾಡದಲ್ಲಿ ಎಲ್ಲರಿಗೂ ಕಲಿಸಿದ ಪಾಠವನ್ನೇ ಅವನಿಗೂ ಕಲಿಸಿದ್ದ.

ಬೆಳಿಗ್ಗೆ ಹನ್ನೊಂದಕ್ಕೆ ಗಂಟೆಯಮ್ಮ ಗಂಟೆ ಹೊಡೆದರು. ಗೂಳಿ ನುಗ್ಗಿದ. ವೆಲ್ಡರನ ತೋಳು ಕತ್ತಿನ ಸುತ್ತ ಬಿತ್ತು, ಇಬ್ಬರೂ ಉರುಳಿದರು. ರೆಫರಿ ತಾನು ಗೊತ್ತುಮಾಡಿಕೊಂಡ ಜಾಗದಲ್ಲೇ ಮಂಡಿಯೂರಿ ಬಗ್ಗಿದ. ಆ ಮುಖ ಕೆಂಪಾಯಿತು, ಊದಿತು, ಹನ್ನೊಂದನೇ ಸೆಕೆಂಡಿಗೆ ಕಣ್ಣು ಮೇಲಕ್ಕೆ ಹೋಯಿತು. ಪಟ್ಟಿ ಸುಳ್ಳು ಹೇಳಿರಲಿಲ್ಲ. ಅವನು ಮನಸ್ಸಿನಲ್ಲೇ ಎಣಿಸುತ್ತ ಹೋದ. ಇಪ್ಪತ್ತಕ್ಕೆ ಕೈ ತಾನಾಗಿ ಎದ್ದಿತು, ಅಭ್ಯಾಸಬಲ. ಅವನಿಗೆ ಭಯವಾಯಿತು, ಮರುಕವೂ ಹುಟ್ಟಿತು. ಅಷ್ಟರಲ್ಲಿ ಊರಿದ ಮಂಡಿ ಚಳಕ್ ಎಂದಿತು, ತಟ್ಟೆಗೆ ಬಡಿಯುವ ಚಮಚ ಕೇಳಿಸಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಐವತ್ತು ದಾಟಿದ ಮೇಲೆ, ವೆಲ್ಡರನ ಹೆಗಲ ಮೇಲೆ ಹಗುರವಾಗಿ ಇಟ್ಟ.

ಗೂಳಿ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ತೀರಿಕೊಂಡ. ವೆಲ್ಡರ್ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ. ಅವನ ಬೆನ್ನು ಸವರಿ ಸಮಾಧಾನ ಹೇಳಿದವನೂ ರೆಫರಿಯೇ. ಮುಂದಿನ ಭಾನುವಾರ ಮನೆ ಸದ್ದಿಲ್ಲದೆ ಇತ್ತು. ಆರು ವರ್ಷ ಬಯಸಿದ್ದ ಸದ್ದಿಲ್ಲದ ಊಟ. ಹೆಂಡತಿ ಮೂರು ತಟ್ಟೆ ಇಟ್ಟಳು, ಇಟ್ಟದ್ದು ತಿಳಿದ ಮೇಲೂ ಮೂರನೆಯದನ್ನು ತೆಗೆಯಲಿಲ್ಲ. ಅದರೆದುರು ಕುಳಿತು ಅವನು ಉಂಡ.

ವಿಚಾರಣೆ ಅಖಾಡದ ಕಚೇರಿಯಲ್ಲೇ ನಡೆಯಿತು. ಕ್ರೀಡಾ ಮಂಡಳಿ ಕಳಿಸಿದ ಡಾಕ್ಟರಮ್ಮ ಮೇಜಿನ ಹಿಂದೆ, ಪಕ್ಕದಲ್ಲಿ ಪೊಲೀಸ್ ಅಧಿಕಾರಿ. ಕ್ಯಾಮೆರಾದಲ್ಲಿ ಕಂಡದ್ದು ರೆಫರಿಯ ಅಂಗಿಯ ಬೆನ್ನು ಮಾತ್ರ.

"ಇಷ್ಟು ಹೊತ್ತು ಯಾಕೆ ಬಿಟ್ರಿ?" ಎಂದು ಡಾಕ್ಟರಮ್ಮ ಕೇಳಿದರು.

"ಎಚ್ಚರ ಇತ್ತು ಮೇಡಂ. ಕೈ ಹಿಡ್ಕೊಂಡು ಕೇಳ್ದೆ, ತಿರುಗಿ ಹಿಸುಕಿದ. ಎಚ್ಚರ ತಪ್ಪಿದ ಕ್ಷಣಕ್ಕೇ ನಿಲ್ಲಿಸ್ದೆ." ಅವನು ತಲೆ ತಗ್ಗಿಸಿದ. ಆರು ವರ್ಷ ನಾಲಿಗೆಯ ಅಡಿಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಈಗ ಮೆಲ್ಲಗೆ ಹೊರಗೆ ಬಿಟ್ಟ. "ಆಟ ಅಂದ್ಮೇಲೆ ಇದೆಲ್ಲ ಇದ್ದದ್ದೇ ಮೇಡಂ."

ಪಕ್ಕದಲ್ಲಿದ್ದ ಹೆಂಡತಿ ಅವನ ಕೈ ಹಿಡಿದು, "ಇವರದೇನೂ ತಪ್ಪಿಲ್ಲ. ಅವನನ್ನ ಸ್ವಂತ ತಮ್ಮನ ಹಾಗೆ ನೋಡ್ಕೊಂಡಿದ್ರು," ಎಂದು ಬಿಕ್ಕಿದಳು. ಡಾಕ್ಟರಮ್ಮ ಫೈಲು ಮುಚ್ಚುವ ಮೊದಲು, ಸುತ್ತು ಮುಗಿದ ಸಮಯಕ್ಕೆ ಒಂದು ಸಹಿ ಬೇಕೆಂದು ಗಂಟೆಯಮ್ಮನನ್ನು ಕರೆದರು.

ಗಂಟೆಯಮ್ಮ ಬಂದರು, ಪೆನ್ನು ಮುಟ್ಟಲಿಲ್ಲ. ಕೈಚೀಲದಿಂದ ಉದ್ದನೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟು, ರೆಫರಿಯ ಕಡೆ ತಿರುಗಿದರು. "ಬರೀರಿ ಅಂತ ನೀವೇ ಹೇಳಿದ್ರಿ ಸರ್. ಸಾಕು ಅಂತ ಯಾವತ್ತೂ ಹೇಳ್ಲಿಲ್ಲ. ಅದಕ್ಕೇ ಬರೀತಾನೇ ಇದ್ದೆ." ಡಾಕ್ಟರಮ್ಮನ ಬೆರಳು ಎರಡನೇ ಕಾಲಂನಲ್ಲಿ ಇಳಿಯತೊಡಗಿತು. ಐದು ವರ್ಷದ ಪಂದ್ಯಗಳು: ಒಂದು, ಸೊನ್ನೆ, ಒಂದು, ಒಂದು, ಸೊನ್ನೆ. ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು. ಕಾಲ್ಬೆರಳು ಸಡಿಲವಾದದ್ದು, ಹನ್ನೊಂದು. ಅಲ್ಲಿಂದ ಕೈ ಬಿದ್ದದ್ದು, ನಲವತ್ತೊಂದು. ಹೆಂಡತಿ ಹಿಡಿದಿದ್ದ ಕೈ ಬಿಟ್ಟಳು. "ನನ್ನ ವಾಚೇ ಕೆಟ್ಟಿರ್ಬೇಕು ಅಂದ್ಕೊಂಡೆ ಸರ್," ಎಂದರು ಗಂಟೆಯಮ್ಮ, ಕತ್ತಿನಲ್ಲಿದ್ದ ಸ್ಟೀಲಿನ ವಾಚನ್ನು ಬಿಚ್ಚಿ ನೋಟ್‌ಬುಕ್ಕಿನ ಪಕ್ಕದಲ್ಲಿಡುತ್ತ. "ನಿನ್ನೆ ರಿಪೇರಿಯವನ ಹತ್ರ ತಗೊಂಡು ಹೋಗಿ ತೋರಿಸ್ದೆ. ಬಿಚ್ಚಿ, ಅರ್ಧ ಗಂಟೆ ನೋಡ್ದ. ಏನೂ ಕೆಟ್ಟಿಲ್ವಂತೆ."