ಕುದುರೆಗಳಿಗೆ ಸದ್ದಿನ ಪಾಠ

ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು ಅಮ್ಮ ಲಗಾಮಿನ ಹಿತ್ತಾಳೆ ಬಕಲ್‌ಗಳನ್ನು ಉಜ್ಜುತ್ತಿದ್ದಳು. ಹನ್ನೊಂದು ಮುಗಿದಿದ್ದವು. ಹನ್ನೆರಡನೆಯದರ ಸಂದಿಯಲ್ಲಿ ಕೂತ ಕಪ್ಪು ಕೊಳೆಯನ್ನು ಬಟ್ಟೆಯ ತುದಿಯಿಂದ ಕೆದಕುತ್ತಿದ್ದಳು.

ಫೆನ್ನಾ ಕಪಾಟಿನ ಮುಂದೆ ಮಂಡಿಯೂರಿದ್ದಳು. ಪಾತ್ರೆಗಳ ನಡುವಿನಿಂದ ಎರಡು ಸ್ಟೀಲ್ ಮುಚ್ಚಳಗಳನ್ನು ಹೊರಗೆ ತೆಗೆಯಬೇಕಿತ್ತು. ಕೋಳಿಗೂಡಿನಿಂದ ಮೊಟ್ಟೆ ತೆಗೆಯುವ ಹಾಗೆ ನಿಧಾನವಾಗಿ ತೆಗೆದಳು. ಆದರೂ ಒಂದು ಮುಚ್ಚಳ ಇನ್ನೊಂದಕ್ಕೆ ತಾಗಿಬಿಟ್ಟಿತು. ಠಣ್!

ಅಮ್ಮನ ಕೈ ನಿಂತಿತು. ಕಣ್ಣು ಮುಚ್ಚಿಕೊಂಡಳು. ತುಟಿ ಸಣ್ಣಗೆ ಅಲುಗಿತು. ಒಂದು, ಎರಡು, ಮೂರು, ನಾಲ್ಕು, ಐದು. ಐದಕ್ಕೆ ಕಣ್ಣು ತೆರೆದಳು.

"ಸಾರಿ ಅಮ್ಮ."

"ಏನಿಲ್ಲ ಬಿಡು. ಇವತ್ತಿಗಾ ಅದು?"

"ಹೂಂ. ಎಲ್ಲರೂ ಏನಾದ್ರೂ ಸದ್ದು ಮಾಡೋದು ತರಬೇಕಂತೆ. ಮೇಷ್ಟ್ರು ಹೇಳಿದಾರೆ."

"ತಗೊಂಡು ಹೋಗು. ಜೋರಾಗಿ ಬಡಿ. ಕುದುರೆಗಳಿಗೆ ಒಳ್ಳೇದು."

ಮುಚ್ಚಳಗಳ ನಡುವೆ ಟವೆಲ್ ಇಟ್ಟು ಫೆನ್ನಾ ಬ್ಯಾಗಿಗೆ ಹಾಕಿಕೊಂಡಳು.

ನಾಳೆ ಮಂಗಳವಾರ. ಪ್ರತಿ ವರ್ಷ ಸೆಪ್ಟೆಂಬರಿನ ಮೂರನೆಯ ಮಂಗಳವಾರ ದೇಶದ ರಾಜ ಸಾರೋಟಿನಲ್ಲಿ ಕೂತು ಸಂಸತ್ತನ್ನು ತೆರೆಯಲು ಹೋಗುತ್ತಾನೆ. ಮುಂದೆ ಹಿಂದೆ ಕುದುರೆ ಸವಾರರು. ದಾರಿಯುದ್ದಕ್ಕೂ ಬ್ಯಾಂಡು, ಬಾವುಟ, ತೋಪಿನ ಸದ್ದು, ಜನರ ಕೂಗಾಟ. ಕುದುರೆಗಳು ಹೆದರಬಾರದಲ್ಲ? ಅದಕ್ಕೇ ಹಿಂದಿನ ದಿನ ಅವನ್ನೆಲ್ಲ ಸಮುದ್ರ ತೀರಕ್ಕೆ ಕರೆದುಕೊಂಡು ಹೋಗಿ ಬೇಕೆಂದೇ ಹೆದರಿಸುತ್ತಾರೆ. ಸವಾರರಲ್ಲಿ ಅಮ್ಮನೂ ಒಬ್ಬಳು.

ಹೋದ ವರ್ಷದ ತಾಲೀಮಿನಲ್ಲಿ ಅಮ್ಮ ಲೀಸಾ ಎಂಬ ಕಂದು ಕುದುರೆಯ ಮೇಲಿದ್ದಳು. ತೋಪು ಹಾರಿದಾಗ ಲೀಸಾ ಕಂಗಾಲಾಗಿ ಓಡಿತು. ಅಮ್ಮ ಬಿದ್ದು ಸೊಂಟದ ಮೂಳೆ ಮುರಿಯಿತು. ಲೀಸಾಳ ಮುಂಗಾಲೂ ಮುರಿಯಿತು. ನೀಲಿ ತಾಡಪಾಲಿನಿಂದ ಮರೆಮಾಡಿ ಕುದುರೆ ಡಾಕ್ಟರು ಅಲ್ಲೇ ಮರಳಿನ ಮೇಲೆ ಅದಕ್ಕೆ ಕೊನೆಯ ಇಂಜೆಕ್ಷನ್ ಕೊಟ್ಟರು.

ಅಮ್ಮನ ಮೂಳೆ ಕೂಡಿಕೊಂಡಿತು. ಬೇರೆ ಏನೋ ಕೂಡಿಕೊಳ್ಳಲಿಲ್ಲ. ಯಾರಾದರೂ ಬಾಗಿಲು ದಡಾರನೆ ಹಾಕಿದರೆ ಸಾಕು, ಅವಳ ಮುಖ ಸುಣ್ಣದ ಹಾಗಾಗುತ್ತಿತ್ತು.

ಮನೆಯಲ್ಲಿದ್ದವರು ಇಬ್ಬರೇ. ಅಪ್ಪ ಬೇರೆ ಊರಿನಲ್ಲಿ ಬೇರೆ ಮನೆ ಮಾಡಿಕೊಂಡು ವರ್ಷಗಳೇ ಆಗಿದ್ದವು. ಹಾಗಾಗಿ ಇದು ಗೊತ್ತಿದ್ದದ್ದು ಫೆನ್ನಾಗೆ ಮಾತ್ರ. ಕೆಟಲ್‌ನ ಸೀಟಿ ಕಿತ್ತಿಟ್ಟವಳು ಅವಳೇ. ಕುರ್ಚಿಗಳ ಕಾಲಿಗೆ ಬಟ್ಟೆ ಅಂಟಿಸಿದವಳು ಅವಳೇ. ಬಾಗಿಲಿನ ಹಿಡಿಯನ್ನು ತಿರುಗಿಸಿ ಹಿಡಿದುಕೊಂಡು ಉಸಿರಿನಷ್ಟು ಮೆಲ್ಲಗೆ ಮುಚ್ಚುತ್ತಿದ್ದಳು. ಹತ್ತನೆಯ ಹುಟ್ಟುಹಬ್ಬಕ್ಕೆ ಒಂದೂ ಬಲೂನು ಇರಲಿಲ್ಲ. ಗೆಳತಿಯರು ಕೇಳಿದಾಗ, "ಬಲೂನೆಲ್ಲ ಚಿಕ್ಕ ಮಕ್ಕಳಿಗೆ" ಎಂದಿದ್ದಳು.

ಅಮ್ಮ ಲಗಾಮನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

"ಫೆನ್ನಾ, ಯಾರಾದ್ರೂ ಕೇಳಿದ್ರೆ..."

"ಗೊತ್ತು. ಹೇಳಲ್ಲ."

"ಇವತ್ತು ನಾಳೆ ದಾಟಿದ್ರೆ ಸಾಕು ಕಣೇ. ಅವರಿಗೆ ಗೊತ್ತಾದ್ರೆ ಕುದುರೆ ಹತ್ತೋಕೇ ಬಿಡಲ್ಲ. ಕುದುರೆ ಬಿಟ್ರೆ ನನಗಿನ್ನೇನು ಬರುತ್ತೆ ಹೇಳು?"

ಫೆನ್ನಾ ಚಾಕೊಲೇಟ್ ಕಾಳು ಉದುರಿಸಿದ ಬ್ರೆಡ್ಡನ್ನು ಡಬ್ಬಿಗೆ ಹಾಕಿಕೊಂಡು, ಡಬ್ಬಿಯ ಮುಚ್ಚಳವನ್ನೂ ಸದ್ದಾಗದ ಹಾಗೆ ಒತ್ತಿದಳು.

*

ಸಮುದ್ರ ತೀರದಲ್ಲಿ ಗಾಳಿ ಮರಳನ್ನು ಎತ್ತಿ ಎತ್ತಿ ಮುಖಕ್ಕೆ ಎರಚುತ್ತಿತ್ತು. ಆಕಾಶ ಬೂದಿಬಣ್ಣ, ನೀರೂ ಬೂದಿಬಣ್ಣ. ಫೆನ್ನಾಳ ಕ್ಲಾಸಿನ ಇಪ್ಪತ್ತಾರು ಮಕ್ಕಳು ಹಗ್ಗದ ಹಿಂದೆ ಸಾಲಾಗಿ ನಿಂತಿದ್ದರು. ಡ್ರಮ್ಮು, ಸೀಟಿ, ಗಿಲಕಿ, ಬಾಣಲೆ ಹೀಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು. ಯೋಸ್ಟ್‌ನ ಕೈಯಲ್ಲಿ ಅವನ ತೋಳಿಗಿಂತ ಉದ್ದದ ಕಿತ್ತಳೆ ಬಣ್ಣದ ಪೀಪಿ.

"ಏನೇ ಅದು, ಮುಚ್ಚಳಕ್ಕೆ ಸ್ವೆಟರ್ ಹಾಕಿದೀಯ?" ಎಂದ ಅವನು, ಟವೆಲ್ ನೋಡಿ. "ಚಳಿ ಆಗುತ್ತಾ ಅದಕ್ಕೆ?"

"ನಿನ್ನ ಕೆಲಸ ನೋಡ್ಕೊ."

"ನನ್ನ ಕೆಲಸ ಊದೋದು. ಇವತ್ತು ಒಂದಾದ್ರೂ ಕುದುರೇನ ಓಡಿಸ್ತೀನಿ ನೋಡ್ತಿರು!"

"ಯೋಸ್ಟ್, ಬಾಯಿಗೆ ಸ್ವಲ್ಪ ರಜಾ ಕೊಡಪ್ಪ" ಎಂದರು ರೂಲೊಫ್ ಮೇಷ್ಟ್ರು.

ಅಶ್ವದಳದ ಕ್ಯಾಪ್ಟನ್ ಮಕ್ಕಳ ಮುಂದೆ ಬಂದು ನಿಂತರು. ಎತ್ತರದ ಮನುಷ್ಯ. ಮೀಸೆಯಲ್ಲಿ ಮರಳು ಸಿಕ್ಕಿಕೊಂಡಿತ್ತು.

"ಕೇಳಿ ಮಕ್ಕಳೇ. ಕುದುರೆ ಮುಂದೆ ಒಮ್ಮೆಲೇ ಕಿರುಚಿದ್ರೆ ಅದು ಏನೂ ಕಲಿಯಲ್ಲ. ಮೊದಲು ವಸ್ತು ತೋರಿಸ್ತೀವಿ, ಅದು ಮೂಸಿ ನೋಡುತ್ತೆ. ಆಮೇಲೆ ದೂರದಲ್ಲಿ ಸಣ್ಣ ಸದ್ದು. ಆಮೇಲೆ ಸ್ವಲ್ಪ ಹತ್ತಿರ, ಸ್ವಲ್ಪ ಜೋರು. ಹೆದರ್ತು ಅನ್ನಿ, ಬೈಯೋದಿಲ್ಲ. ಮತ್ತೆ ಹಿಂದಕ್ಕೆ ಹೋಗಿ ಸಣ್ಣದರಿಂದ ಶುರು."

"ಎಷ್ಟು ಸಲ?" ಯಾರೋ ಕೇಳಿದರು.

"ಅದಕ್ಕೆ ಎಷ್ಟು ಬೇಕೋ ಅಷ್ಟು ಸಲ."

ಹೊರಟವರು ಫೆನ್ನಾಳನ್ನು ಕಂಡು ಬಗ್ಗಿದರು. "ನೀನು ಟೀನೆಕೆ ಮಗಳಲ್ವಾ? ಅಮ್ಮ ಹೇಗಿದಾಳೆ? ನಿಜ ಹೇಳು ಪುಟ್ಟಿ. ನಾನು ಕೇಳಿದ್ರೆ ಅವಳು ಫೈನ್, ಫೈನ್ ಅಂತಾಳೆ. ಮನೇಲೂ ಫೈನಾ?"

ಫೆನ್ನಾ ಅಮ್ಮನ ಕಡೆ ನೋಡಿದಳು. ದೂರದಲ್ಲಿ ಅಮ್ಮ ಕರಿಯ ಕುದುರೆ ಮೌರಿಟ್ಸ್‌ನ ಮೇಲೆ ನೆಟ್ಟಗೆ ಕೂತಿದ್ದಳು. ಅಷ್ಟು ದೂರದಿಂದ ನೋಡಿದರೆ ಪ್ರಪಂಚದಲ್ಲಿ ಅವಳಷ್ಟು ಗಟ್ಟಿ ಯಾರೂ ಇಲ್ಲ ಅನ್ನಿಸುತ್ತಿತ್ತು.

"ಫೈನ್" ಎಂದಳು ಫೆನ್ನಾ.

ಕ್ಯಾಪ್ಟನ್ ಒಂದು ಕ್ಷಣ ಅವಳನ್ನೇ ನೋಡಿ, ತಲೆಯಾಡಿಸಿ ಹೋದರು.

ಮೊದಲ ಸುತ್ತಿನಲ್ಲಿ ಬಾವುಟಗಳು. ಕುದುರೆಗಳು ಮೂಸಿ ನೋಡಿ ಮುಂದೆ ಹೋದವು. ಎರಡನೆಯ ಸುತ್ತಿನಲ್ಲಿ ಬ್ಯಾಂಡು. ಮೂರನೆಯದಕ್ಕೆ ಕೇಸರಿ ಹೊಗೆ ಬಿಟ್ಟರು. ಮಕ್ಕಳು ಬಡಿದರು, ಊದಿದರು, "ಹುರ್ರಾ!" ಎಂದು ಕೂಗಿದರು. ಫೆನ್ನಾ ಮಾತ್ರ ಮುಚ್ಚಳಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಪ್ರತಿ ಸಲ ಹತ್ತಿರ ಬಂದಾಗಲೂ ಅಮ್ಮನ ತುಟಿ ಎಣಿಸುತ್ತಿರುವುದು ಅವಳಿಗೆ ಕಾಣುತ್ತಿತ್ತು.

"ಬಡಿಯೇ! ಮುಚ್ಚಳ ಮೊಟ್ಟೆ ಇಡುತ್ತೆ ಅಂತ ಕಾಯ್ತಿದೀಯ?" ಯೋಸ್ಟ್ ಕಿವಿಯ ಹತ್ತಿರ ಕಿರುಚಿದ.

ಆಗ ತೋಪು ಹಾರಿತು.

ಮೌರಿಟ್ಸ್ ಹೆದರಲಿಲ್ಲ. ಅದನ್ನು ಫೆನ್ನಾ ಕಣ್ಣಾರೆ ಕಂಡಳು. ಅದರ ಕಿವಿಗಳು ತೋಪಿನ ಕಡೆಗೆ ತಿರುಗಿ ಮತ್ತೆ ಸರಿಯಾದವು. ಆದರೆ ಅಮ್ಮನ ಕೈ ಲಗಾಮನ್ನು ಒಂದೇ ಕಡೆ ಜಗ್ಗಿ ಹಿಡಿಯಿತು. ಬಿಡಲೇ ಇಲ್ಲ. ಜಗ್ಗಿದ ಕಡೆಗೆ ಕುದುರೆ ತಿರುಗಿತು, ಅಡ್ಡಡ್ಡ ಹೆಜ್ಜೆ ಹಾಕುತ್ತ ಹಗ್ಗದ ಮೇಲೆ, ಮಕ್ಕಳ ಸಾಲಿನ ಮೇಲೆ ಬಂತು.

"ಹಿಂದಕ್ಕೆ! ಎಲ್ಲರೂ ಹಿಂದಕ್ಕೆ!" ಮೇಷ್ಟ್ರು ಕೂಗಿದರು.

ಯೋಸ್ಟ್ ಮುಗ್ಗರಿಸಿ ಬಿದ್ದ. ಮೇಷ್ಟ್ರು ಅವನ ಜಾಕೆಟ್ಟು ಹಿಡಿದು ಎಳೆದರು. ಅವನು ಬಿದ್ದಿದ್ದ ಜಾಗದ ಮೇಲೆ ಗೊರಸು ಇಳಿಯಿತು. ಕಿತ್ತಳೆ ಪೀಪಿ ಲಟಕ್ಕನೆ ಚಪ್ಪಟೆಯಾಯಿತು.

ಅಮ್ಮ ಜೀನಿನಿಂದ ಜಾರಿ ಕೆಳಗಿಳಿದಳು. ಇಳಿದವಳು ನಿಲ್ಲಲಾರದೆ ಮರಳಿನ ಮೇಲೆ ಕೂತುಬಿಟ್ಟಳು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

ಬ್ಯಾಂಡು ನಿಂತಿತು. ಕಡಲ ಹಕ್ಕಿಗಳದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೌರಿಟ್ಸ್ ಅಮ್ಮನ ಪಕ್ಕದಲ್ಲೇ ಕದಲದೆ ನಿಂತಿತ್ತು.

ಫೆನ್ನಾ ಹಗ್ಗದ ಕೆಳಗೆ ನುಸುಳಿದಳು. ಮುಚ್ಚಳಗಳನ್ನು ಮರಳಿನ ಮೇಲೆ ಮೆಲ್ಲಗೆ ಇಟ್ಟು, ಅಮ್ಮನ ಮುಂದೆ ಕೂತಳು. "ಒಂದು" ಎಂದಳು. ಅಮ್ಮ ಎಣಿಸಲಿಲ್ಲ. "ಎರಡು" ಎಂದಳು. ಇಪ್ಪತ್ತರ ತನಕ ಅವಳೊಬ್ಬಳೇ ಎಣಿಸಿದಳು.

*

ಕುದುರೆ ಸಾಗಿಸುವ ವ್ಯಾನಿನ ಹಿಂದಿನ ಹಲಗೆಯ ಮೇಲೆ ಅಮ್ಮ, ಮಗಳು ಕೂತಿದ್ದರು. ಯಾರೋ ಕಾಫಿ ತಂದುಕೊಟ್ಟಿದ್ದರು. ಅದು ತಣ್ಣಗಾಗುತ್ತಿತ್ತು.

ಕ್ಯಾಪ್ಟನ್ ಬಂದು ಅವರ ಮುಂದೆ ನಿಂತರು. "ಕುದುರೆ ನಾಳೆ ಬರುತ್ತೆ, ಟೀನೆಕೆ. ನೀವು ಬೇಡ."

"ಈ ವರ್ಷ ಮಾತ್ರಾನಾ?"

"ಗೊತ್ತಿಲ್ಲ." ಅವರು ಕಡಲ ಕಡೆ ನೋಡಿದರು. "ಆ ಹುಡುಗನ ತಲೆ ಇತ್ತು ಅಲ್ಲಿ. ನೀವೇ ನೋಡಿದ್ರಲ್ಲ."

ಅಮ್ಮ ತಲೆ ಬಗ್ಗಿಸಿದಳು. ಹೆಲ್ಮೆಟ್ ಕೊಟ್ಟಳು. ಲಗಾಮನ್ನು ಕೊಡುವ ಮುಂಚೆ ಒಂದು ಬಕಲ್ಲಿಗೆ ಅಂಟಿದ್ದ ಮರಳನ್ನು ಹೆಬ್ಬೆರಳಿನಿಂದ ಒರೆಸಿದಳು.

ಅವರು ಹೋದ ಮೇಲೆ ಫೆನ್ನಾಗೆ ತಡೆಯಲಾಗಲಿಲ್ಲ.

"ಅಮ್ಮ, ಅವರು ನನ್ನ ಕೇಳಿದ್ರು. ಮೊದಲೇ. ನಾನು ಫೈನ್ ಅಂದೆ. ಹೇಳಿದ್ದಿದ್ರೆ ಹೀಗಾಗ್ತಿರ್ಲಿಲ್ಲ. ಯೋಸ್ಟ್‌ಗೆ ಏನಾದ್ರೂ ಆಗಿದ್ದಿದ್ರೆ..."

"ನೀನಲ್ಲ ಕಣೇ ಅಂದಿದ್ದು. ನಾನು ನಿನ್ನ ಬಾಯಲ್ಲಿ ಅನ್ನಿಸಿದ್ದು." ಅಮ್ಮನ ದನಿ ಮರಳಿನ ಹಾಗೆ ಒಣಗಿತ್ತು. "ಅದನ್ನ ನೀನು ಹೊತ್ಕೋಬೇಡ."

ಆದರೆ ಹೊತ್ತುಕೊಂಡದ್ದನ್ನು ಎಲ್ಲಿ ಇಳಿಸಬೇಕು ಎಂದು ಅಮ್ಮ ಹೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲವೇನೋ.

*

ಮಂಗಳವಾರ ಮಧ್ಯಾಹ್ನ ಅಮ್ಮನೇ ಕೋಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಳು. "ಬಾ, ಮೌರಿಟ್ಸ್‌ನ ನೋಡ್ಕೊಂಡು ಬರೋಣ."

"ತೋಪು ಹಾರಿಸ್ತಾರಮ್ಮ. ನಿಮಿಷಕ್ಕೊಂದು."

"ಗೊತ್ತು. ಅದು ಆಚೆ ಮೈದಾನದಲ್ಲಿ. ದೂರ."

ರಸ್ತೆಯ ಪಕ್ಕ ಜನ ಮೂರು ಸಾಲಾಗಿ ನಿಂತಿದ್ದರು. ಜನರ ನಡುವೆ ಯೋಸ್ಟ್ ಕಂಡ. ಮುಂಗೈಗೆ ಪ್ಲಾಸ್ಟರ್ ಅಂಟಿಸಿಕೊಂಡಿದ್ದ. ಫೆನ್ನಾ ಬೇರೆ ಕಡೆ ತಿರುಗಿಕೊಂಡಳು. ಅವನೇ ನುಗ್ಗಿಕೊಂಡು ಬಂದ.

"ಪೀಪಿ ಹೋಯ್ತು" ಎಂದ.

"ಗೊತ್ತು."

"ಅಪ್ಪ ಹೊಸದು ಕೊಡಿಸ್ತೀನಿ ಅಂದ್ರು. ನಾನೇ ಬೇಡ ಅಂದೆ." ಅಮ್ಮನ ಕಡೆ ಕದ್ದು ನೋಡಿ ದನಿ ತಗ್ಗಿಸಿದ. "ನಿಮ್ಮಮ್ಮಂಗೆ ಇನ್ನೂ ಹೆದರಿಕೆ ಆಗುತ್ತಾ?"

ಫೆನ್ನಾ ಬಾಯಿ ತೆರೆದಳು. 'ಇಲ್ಲ' ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು.

"ಆಗುತ್ತೆ" ಎಂದಳು.

"ನಂಗೂ ಆಯ್ತು ನಿನ್ನೆ" ಎಂದ ಯೋಸ್ಟ್. ಆಮೇಲೆ ತನ್ನ ಅಪ್ಪನ ಹತ್ತಿರ ಹೋದ.

ದೂರದಲ್ಲಿ ಮೊದಲ ತೋಪು ಹಾರಿತು. ಕಂಬಳಿಯೊಳಗಿಂದ ಬಂದ ಹಾಗೆ, ದುಬ್. ಅಮ್ಮನ ಕೈ ಫೆನ್ನಾಳ ಕೈಯನ್ನು ಕಚ್ಚಿ ಹಿಡಿಯಿತು. ಒಂದು, ಎರಡು, ಮೂರು, ನಾಲ್ಕು, ಐದು. ಬೆರಳು ಸಡಿಲವಾದವು.

ಮತ್ತೆ ದುಬ್. ಒಂದು, ಎರಡು, ಮೂರು, ನಾಲ್ಕು, ಐದು.

ಕುದುರೆಗಳು ಬಂದವು. ಕರಿಯ ಮೌರಿಟ್ಸ್, ಮೇಲೆ ಗುರುತಿಲ್ಲದ ಒಬ್ಬ ಯುವಕ. ಹನ್ನೆರಡು ಬಕಲ್‌ಗಳೂ ಬಿಸಿಲಿಗೆ ಹೊಳೆದವು. ಅಮ್ಮ ಇರುವ ಕಡೆ ಮೌರಿಟ್ಸ್ ತಿರುಗಿಯೂ ನೋಡಲಿಲ್ಲ. ನೋಡಬಾರದು ಎಂದು ಕಲಿಸಿದವಳು ಅವಳೇ. ಹಿಂದೆ ಸಾರೋಟು ಬಂತು. "ರಾಜನಿಗೆ ಜಯವಾಗಲಿ! ಹುರ್ರಾ! ಹುರ್ರಾ! ಹುರ್ರಾ!" ಎಂದು ಜನ ಕೂಗಿದರು. ಅಮ್ಮ ಕೂಗಲಿಲ್ಲ. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

ಫೆನ್ನಾ ಸಾರೋಟನ್ನು ಸರಿಯಾಗಿ ನೋಡಲಿಲ್ಲ. ಅವಳ ಗಮನವೆಲ್ಲ ತನ್ನ ಕೈಯ ಮೇಲಿತ್ತು. ಎಂಟನೆಯ ತೋಪಿಗೆ ಅಮ್ಮನ ಹಿಡಿತ ನಾಲ್ಕಕ್ಕೇ ಸಡಿಲವಾಯಿತು. ಒಂಬತ್ತನೆಯದಕ್ಕೆ ಮತ್ತೆ ಐದು. ಹತ್ತನೆಯದಕ್ಕೆ ನಾಲ್ಕು. ಹನ್ನೊಂದನೆಯದಕ್ಕೂ ನಾಲ್ಕು.

ಮೊದಲು ದೂರದಲ್ಲಿ, ಸಣ್ಣ ಸದ್ದು.

ಒಂದು ವರ್ಷದಿಂದ ತಾನು ಮನೆಯಲ್ಲಿ ಒಂದೂ ಸದ್ದು ಆಗಲು ಬಿಟ್ಟಿರಲಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ದೂರದ್ದೂ ಇಲ್ಲ, ಸಣ್ಣದೂ ಇಲ್ಲ.

*

ಸಂಜೆ ಅಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಮೇಜಿನ ಮೇಲೆ ನಿನ್ನೆ ಹಾಸಿದ ಪೇಪರು ಇನ್ನೂ ಹಾಗೇ ಇತ್ತು. ಅದರ ಮೇಲೆ ಪಾಲಿಷ್ ಬಟ್ಟೆ, ಬಾಯಿ ತೆರೆದ ಪಾಲಿಷ್ ಡಬ್ಬಿ. ಅದನ್ನು ಎತ್ತಿಡಲು ಇಬ್ಬರಿಗೂ ಮನಸ್ಸು ಬಂದಿರಲಿಲ್ಲ.

ಫೆನ್ನಾ ನಡುಮನೆ ದಾಟಿ ಹಿಂದಿನ ಕೋಣೆಗೆ ಹೋದಳು. ಮನೆಯಲ್ಲಿ ಅಡುಗೆಮನೆಯಿಂದ ಅತಿ ದೂರದ ಬಾಗಿಲು ಅದು. ಹಿಡಿಯ ಮೇಲೆ ಕೈಯಿಟ್ಟಳು.

"ಅಮ್ಮಾ, ಬಾಗಿಲು ಹಾಕ್ತಿದೀನಿ."

"ಹಾಕು. ಅದಕ್ಕೂ ಹೇಳಬೇಕಾ?"

ಅವಳು ಹಿಡಿಯನ್ನು ತಿರುಗಿಸಲಿಲ್ಲ. ಸುಮ್ಮನೆ ತಳ್ಳಿದಳು. ಎಲ್ಲರ ಮನೆಯ ಬಾಗಿಲಿನ ಹಾಗೆ ಅದು ಟಕ್ ಎಂದಿತು.

ಅಡುಗೆಮನೆಯಲ್ಲಿ ಚಾಕುವಿನ ಕೆರೆತ ನಿಂತುಹೋಯಿತು. ಬಾಗಿಲಿಗೆ ಬೆನ್ನು ಒತ್ತಿ ಫೆನ್ನಾ ಎಣಿಸತೊಡಗಿದಳು. ಒಂದು. ಎರಡು. ಮೂರು. ನಾಲ್ಕು.

ಚಾಕು ಮತ್ತೆ ಕೆರೆಯತೊಡಗಿತು.

ನಾಳೆಯೂ ಇದೇ ಬಾಗಿಲು, ಅಂದುಕೊಂಡಳು. ಎಷ್ಟು ಸಲ ಬೇಕೋ ಅಷ್ಟು ಸಲ. ಆಮೇಲೆ ನಡುಮನೆಯದು. ಅದಾದ ಮೇಲೆ ಯಾವತ್ತಾದರೂ ಒಂದು ದಿನ, ಅಮ್ಮನಿಗೆ ಮೊದಲು ತೋರಿಸಿ, ಲೋಟಕ್ಕೆ ಮೆಲ್ಲಗೆ ಬಡಿಯುವ ಚಮಚ.

ಅಮ್ಮ ಊಟಕ್ಕೆ ಕರೆದಳು. ಒಳಗೆ ಏನು ಮಾಡುತ್ತಿದ್ದೆ ಎಂದು ಕೇಳಿದಳು.

"ಏನಿಲ್ಲ" ಎಂದು ಫೆನ್ನಾ ಕುರ್ಚಿ ಎಳೆದುಕೊಂಡು ಕೂತಳು.