ಮುಖ ತೋರಿಸದ ಕರೆ

"ಅವನ್ಯಾರೇ ಇಂದಾಯ್? ನಿನ್ನ ಹಿಂದೆ ನಿಂತಿದ್ದನಲ್ಲ, ಅವನು!"

ಫೋನಿನ ಪರದೆ ತುಂಬ ಅಜ್ಜಿಯ ಮೂಗೊಂದೇ ಕಾಣುತ್ತಿತ್ತು. ಫೋನನ್ನು ಮುಖದಿಂದ ಎಷ್ಟು ದೂರ ಹಿಡಿಯಬೇಕು ಅನ್ನೋದು ಕಾರಿಂಗ್ ಅಜ್ಜಿಗೆ ಇನ್ನೂ ಒಗ್ಗಿರಲಿಲ್ಲ.

ಅಜ್ಜಿ ಮುದ್ದಿನಿಂದ ಇಂದಾಯ್ ಅಂತ ಕರೆಯುವ ಮೊಮ್ಮಗಳು ರಿಜಾಲಿನ್ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ! ಹಡಗಿನ ಮುಂತುದಿಯ ಡೆಕ್, ಅಲ್ಲಿ ಹಗ್ಗ ಸುತ್ತಿಟ್ಟ ದೊಡ್ಡ ಉರುಳೆಗಳು, ಅದರಾಚೆ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುವ ಸಮುದ್ರ. ಅಷ್ಟೆ.

"ಯಾರೂ ಇಲ್ಲ ಲೋಲಾ," ಎಂದಳು. ಅವರ ಕಡೆ ಅಜ್ಜಿಗೆ ಲೋಲಾ ಅಂತಲೇ ಅನ್ನೋದು.

"ನನ್ನ ಕಣ್ಣು ಇನ್ನೂ ಹೋಗಿಲ್ಲ ಕಣೇ! ಎತ್ತರದ ಗಂಡಸು. ಹುಬ್ಬಿನ ತುಂಬ ಮರದ ಹೊಟ್ಟು. ನನ್ನನ್ನ ನೋಡಿದ್ದೇ ತಡ, ಕೋಳಿ ಕದ್ದವನ ಹಾಗೆ ಬಗ್ಗಿಬಿಟ್ಟ!"

ರಿಜಾಲಿನ್ ಎರಡು ಹೆಜ್ಜೆ ನಡೆದು ಉರುಳೆಯ ಹಿಂದೆ ಇಣುಕಿದಳು.

ಅಲ್ಲೊಬ್ಬ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಬಡಗಿಯ ಚೀಲ, ಕೈಯಲ್ಲಿ ಫೋನು. ತುಟಿಯ ಮೇಲೆ ಬೆರಳಿಟ್ಟು ಬೇಡಿಕೊಳ್ಳುವವನಂತೆ ಅವಳನ್ನೇ ನೋಡಿದ.

"ಕ್ಯಾಮೆರಾ ಆ ಕಡೆ ತಿರುಗಿಸು... ದಯವಿಟ್ಟು."

ಆ ಕಣ್ಣಲ್ಲಿ ಕಳ್ಳತನ ಇರಲಿಲ್ಲ. ಭಯವಿತ್ತು. ಗಿಮಾರಸ್ ದ್ವೀಪದಲ್ಲಿ ಕೋಳಿ ಸಾಕಿಕೊಂಡಿರೋ ಒಬ್ಬ ಮುದುಕಿಯ ಕಣ್ಣಿಗೆ ಬೀಳೋಕೆ ಇಷ್ಟು ದೊಡ್ಡ ಗಂಡಸಿಗೆ ಎಂಥ ಭಯ?

"ಗಾಳಿಗೆ ಟವೆಲ್ ಹಾರಿತ್ತು ಲೋಲಾ," ಎಂದಳು ಅವಳು.

ಯಾಕೆ ಸುಳ್ಳು ಹೇಳಿದೆ ಅಂತ ಅವಳಿಗೇ ಗೊತ್ತಾಗಲಿಲ್ಲ.

ಆ ಹಡಗಿನಲ್ಲಿ ರಿಜಾಲಿನ್ ಕೇಕು, ಬಿಸ್ಕತ್ತು ಮಾಡುವ ವಿಭಾಗದವಳು. ಪ್ರಯಾಣಿಕರ ಊಟ ಮುಗಿದು ಸಂಜೆಯ ಕೆಲಸ ಶುರುವಾಗೋ ತನಕ ಅವಳಿಗೆ ಬಿಡುವು. ಸಿಬ್ಬಂದಿಗೆ ಕೊಡುವ ಇಂಟರ್ನೆಟ್ ಕೆಳಗಿನ ಕೋಣೆಗಳಲ್ಲಿ ಸಿಗುತ್ತಲೇ ಇರಲಿಲ್ಲ. ಸ್ವಲ್ಪವಾದರೂ ಸಿಗುತ್ತಿದ್ದದ್ದು ಈ ಮೂಲೆಯಲ್ಲೇ. ನಡುಸಮುದ್ರದಲ್ಲಿ ಅಜ್ಜಿಯ ಬಾಯಿ ಮೊದಲು ಆಡಿ, ಮಾತು ಆಮೇಲೆ ಬರುತ್ತಿತ್ತು. ಬಂದರು ಹತ್ತಿರವಾದರೆ ಮಾತ್ರ ಅಜ್ಜಿಯ ಹಿಂದೆ ಓಡಾಡುವ ಕೋಳಿಗಳ ಬಣ್ಣವೂ ಕಾಣುತ್ತಿತ್ತು!

ಬಡಗಿಯ ಹೆಸರು ನೆಸ್ಟರ್. ಅವನೂ ಮನೆಗೆ ಕರೆ ಮಾಡಲು ಅಲ್ಲಿಗೇ ಬರುತ್ತಿದ್ದ. ಆದರೆ ಫೋನನ್ನು ಎಂದೂ ಮುಖದ ಎದುರು ಹಿಡಿದವನಲ್ಲ. ಕಿವಿಗೆ ಒತ್ತಿಕೊಂಡು, ಉರುಳೆಗಳಾಚೆ ದೂರ ಹೋಗಿ, ಬೆನ್ನು ಮಾಡಿ ನಿಲ್ಲುತ್ತಿದ್ದ.

ಅವನ ಮಾತಿನ ರಾಗದಲ್ಲೇ ತಮ್ಮ ಕಡೆಯವನು ಅಂತ ರಿಜಾಲಿನ್‌ಗೆ ತಿಳಿದುಹೋಯಿತು.

"ಯಾವೂರು ಮಾನೋಂಗ್ ನಿಮ್ದು?" ದೊಡ್ಡವರನ್ನು ಕರೆಯೋ ಹಾಗೆ ಮರ್ಯಾದೆಯಿಂದಲೇ ಕೇಳಿದಳು ಒಂದು ದಿನ.

"ಆ ಕಡೆಯೇ."

"ಆ ಕಡೆ ಅಂದ್ರೆ?"

"ನೀರು ಇರೋ ಕಡೆ."

"ಅಬ್ಬಾ! ನಮ್ಮ ದೇಶದ ಏಳು ಸಾವಿರ ದ್ವೀಪದಲ್ಲಿ ಈಗ ನಾನು ಹುಡುಕಿಬಿಡ್ತೀನಿ ಬಿಡಿ!"

ನೆಸ್ಟರ್ ನಕ್ಕ. ಆ ನಗುವಿಗೆ ಅವಳ ಮನಸ್ಸು ಒಮ್ಮೆ ಜಾರಿ ನಿಂತಿತು...

ದಿನ ಕಳೆದಂತೆ ಅವಳು ತುಂಡಾದ ಬಿಸ್ಕತ್ತುಗಳನ್ನು ಕಾಗದದಲ್ಲಿ ಕಟ್ಟಿ ತರತೊಡಗಿದಳು. ಅವನು ನೆರಳು ಇರುವ ಜಾಗದಲ್ಲಿ ತನ್ನ ಟೋಪಿ ಇಟ್ಟು ಅವಳಿಗಾಗಿ ಕಾದಿರಿಸತೊಡಗಿದ. ಊರು ಬಿಟ್ಟು ಉಳಿದೆಲ್ಲ ಮಾತಾಡಿದರು. ಆದರೆ ಅವನ ಫೋನು ರಿಂಗಾದರೆ ಸಾಕು, ಮಾತು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದ.

'ಅದ್ಯಾರಿರಬಹುದು? ಅಮ್ಮನಾ? ಅಮ್ಮ ಆದ್ರೆ ಮುಖ ಯಾಕೆ ತೋರಿಸಲ್ಲ?' ಕೇಕಿಗೆ ಕೆನೆ ಸವರುವಾಗಲೂ ಅವಳಿಗೆ ಅದೇ ಯೋಚನೆ.

ಉತ್ತರ ಸಿಕ್ಕಿದ್ದು ಪೆನಾಂಗ್ ಬಂದರಿನಲ್ಲಿ.

ಹಡಗನ್ನು ದಡಕ್ಕೆ ಕಟ್ಟಿದ್ದರು. ಊರಿನ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. ಅಜ್ಜಿಯ ಜೊತೆ ಮಾತು ಮುಗಿಸಿ ಎದ್ದವಳಿಗೆ ಉರುಳೆಯ ಆಚೆಯಿಂದ ಒಂದು ಪುಟ್ಟ ದನಿ ಕೇಳಿಸಿತು. ಸುತ್ತ ಯಾರೂ ಇಲ್ಲವೆಂದುಕೊಂಡು ನೆಸ್ಟರ್ ಫೋನನ್ನು ಸ್ಪೀಕರಿಗೆ ಹಾಕಿದ್ದ.

"ಅಪ್ಪಾ, ವಿಡಿಯೋ ಹಾಕು. ನನ್ನ ಕ್ಲಾಸಲ್ಲಿ ಎಲ್ಲರ ಅಪ್ಪಂದಿರೂ ಹಾಕ್ತಾರೆ!"

"ನಡುಸಮುದ್ರದಲ್ಲಿದ್ದೀನಿ ಪಿಯಾ. ಇಂಟರ್ನೆಟ್ ಸಾಲಲ್ಲ ಮಗಳೇ."

ನಡುಸಮುದ್ರ?! ಎದುರಿಗೇ ಪೆನಾಂಗಿನ ಕಟ್ಟಡಗಳು ಕಾಣುತ್ತಿದ್ದವು.

"ಹೋದ ಸಲಾನೂ ಹಂಗೇ ಅಂದೆ. ಬುಯೆನಾವಿಸ್ತಾದ ದೋಣಿಕಟ್ಟೆಗೆ ಯಾವ ದೋಣಿ ಬಂದ್ರೂ ನಾನು ನೋಡ್ತೀನಿ. ನೀನು ಬರೋದೇ ಇಲ್ಲ."

"ಬರ್ತೀನಿ ಮಗಳೇ... ಬರ್ತೀನಿ."

ರಿಜಾಲಿನ್ ಉರುಳೆಗೆ ಒರಗಿ ನಿಂತಳು.

ಮಗಳು! ಹಾಗಾದರೆ ಹೆಂಡತಿಯೂ ಇದ್ದಾಳೆ. ಅದೂ ಗಿಮಾರಸ್‌ನಲ್ಲೇ, ತನ್ನದೇ ದ್ವೀಪದಲ್ಲಿ! ಅದಕ್ಕೇ ಅಲ್ಲವಾ ಅಜ್ಜಿಯ ಕಣ್ಣು ತಪ್ಪಿಸಿದ್ದು? ಸ್ವಂತ ಮಗಳಿಗೇ ಸುಳ್ಳು ಹೇಳೋನು ತನಗೆ ಇನ್ನೆಷ್ಟು ಹೇಳಿರಬೇಡ...

ಮರುದಿನ ಅಜ್ಜಿಯ ಮುಂದೆ ಎಲ್ಲವನ್ನೂ ಸುರಿದುಬಿಟ್ಟಳು.

"ಬುಯೆನಾವಿಸ್ತಾನಾ? ನಮ್ಮ ಚರ್ಚಿನ ಹೆಂಗಸರು ಅರ್ಧ ಜನ ಅಲ್ಲಿಯವರೇ!" ಅಜ್ಜಿಯ ಕಣ್ಣು ಮಿನುಗಿತು. "ಹೋಗಿ ನೋಡ್ಕೊಂಡು ಬರ್ತೀನಿ."

"ಅಯ್ಯೋ ಬೇಡ ಲೋಲಾ! ನಮಗ್ಯಾಕೆ?"

ಬಾಯಿ ಬೇಡ ಅಂದಿತು. ಮನಸ್ಸು, ಬೇಗ ಹೋಗು ಅಂದಿತು.

ಹಡಗು ಫುಕೆಟ್ ತಲುಪಿದ ದಿನ ಅಜ್ಜಿಯೇ ಕರೆ ಮಾಡಿದಳು. ಹಿಂದೆ ಕೋಳಿಗಳಿರಲಿಲ್ಲ. ಬೇರೆ ಯಾರದೋ ಮನೆಯ ನೀಲಿ ಗೋಡೆ.

"ಇಂದಾಯ್, ಅವರ ಮನೇಲೇ ಇದ್ದೀನಿ ಕಣೇ! ಆ ಮಗುವಿನ ಅಜ್ಜಿ ಕಾಫಿ ತರೋಕೆ ಒಳಗೆ ಹೋಗಿದ್ದಾಳೆ. ಮಗು ನಮ್ಮಪ್ಪ ಹಡಗಲ್ಲಿದ್ದಾನೆ ಅಂತಾಳೆ, ಎಷ್ಟು ಮುದ್ದಾಗಿದ್ದಾಳೆ ಗೊತ್ತಾ..."

ಅದೇ ಹೊತ್ತಿಗೆ ನೆಸ್ಟರ್ ಟೋಪಿ ಹಿಡಿದು ಮೆಟ್ಟಿಲು ಹತ್ತಿ ಬಂದ. ಅವಳನ್ನು ಕಂಡು ಮುಗುಳ್ನಕ್ಕ. ಆ ನಗು ಕಂಡು ಅವಳಿಗೆ ಸಿಟ್ಟು ಉಕ್ಕಿತು.

"ಬನ್ನಿ ಮಾನೋಂಗ್! ಇಲ್ಲಿ ಸಿಗ್ನಲ್ ಚೆನ್ನಾಗಿದೆ. ನಿಮ್ಮ ಮಗಳಿಗೆ ಮುಖ ತೋರಿಸಿ!"

ಅವನಿಗೆ ಅರ್ಥವಾಗುವ ಮೊದಲೇ ಫೋನನ್ನು ಅವನ ಮುಖಕ್ಕೆ ಹಿಡಿದುಬಿಟ್ಟಳು.

ಪರದೆಯಲ್ಲಿ ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಹತ್ತಿರ ಬಂದಳು. ಮುಂದಿನ ಹಲ್ಲೊಂದಿರಲಿಲ್ಲ. ಅವನನ್ನೇ ದಿಟ್ಟಿಸಿದಳು. ಆಮೇಲೆ ಗೋಡೆಯ ಮೇಲಿನ ಫೋಟೋ ನೋಡಿದಳು. ಮತ್ತೆ ಅವನನ್ನು.

"ಇವರು ನಮ್ಮಪ್ಪ ಅಲ್ಲ."

"ಪಿಯಾ..." ನೆಸ್ಟರ್‌ನ ಬಾಯಿಂದ ತಾನಾಗಿ ಹೊರಬಿತ್ತು.

ಹುಡುಗಿ ಬೆಚ್ಚಿಬಿದ್ದಳು. ಕಂಡರಿಯದ ಮುಖ. ಆದರೆ ಅದರೊಳಗಿಂದ ಬಂದದ್ದು ಅಪ್ಪನ ದನಿ!

ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಅರ್ಧ ತೆರೆದ ಬಾಯಿ, ಅಗಲವಾದ ಕಣ್ಣು, ಹಾಗೇ ಪರದೆಯ ಮೇಲೆ ಉಳಿಯಿತು. ಕರೆ ಕಡಿದು ಪರದೆ ಕಪ್ಪಾಯಿತು.

ನೆಸ್ಟರ್ ಅಲ್ಲೇ ಕುಸಿದು ಕೂತ.

"ಯಾರು ಮಾನೋಂಗ್ ಅವಳು?" ರಿಜಾಲಿನ್ ಅವನೆದುರು ಬಗ್ಗಿದಳು. "ನೀವು... ಯಾರು?"

ಅವನು ಟೋಪಿಯನ್ನು ಪಕ್ಕಕ್ಕಿಟ್ಟ.

"ಅವಳಪ್ಪ ರಾಮಿಲ್, ನನ್ನಣ್ಣ. ಸಾಮಾನು ಸಾಗಿಸೋ ಹಡಗಲ್ಲಿದ್ದ. ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗ್ತು. ದೇಹಾನೂ ಸಿಗಲಿಲ್ಲ. ಪಿಯಾನ ಹೆತ್ತಾಗಲೇ ಅತ್ತಿಗೆ ಹೋಗಿದ್ರು. ಅಮ್ಮಂಗೆ ಸುದ್ದಿ ಹೇಳೋಕೆ ಅಂತ ಫೋನ್ ಮಾಡಿದೆ. ಎತ್ತಿದ್ದು ಪಿಯಾ. ನಾನು ಹಲೋ ಅಂದೆ ಅಷ್ಟೆ... 'ಅಪ್ಪಾ!' ಅಂತ ಕಿರುಚಿದ್ಲು. ನಮ್ಮಿಬ್ರ ದನಿ ಒಂದೇ ಥರ. ಅಮ್ಮಾನೇ ಎಷ್ಟೋ ಸಲ ಮೋಸ ಹೋಗ್ತಿದ್ರು."

ರಿಜಾಲಿನ್ ಅವನ ಪಕ್ಕದಲ್ಲೇ ಕೂತಳು.

"ಅಲ್ಲ ಅನ್ನೋಕೆ ಆಗ್ಲಿಲ್ಲ. ನಾಳೆ ಹೇಳೋಣ ಅಂದ್ರು ಅಮ್ಮ. ಆ ನಾಳೆ ಬರಲೇ ಇಲ್ಲ. ಊರವರಿಗೂ ಹೇಳದೆ ಮುಚ್ಚಿಟ್ರು. ಅಪ್ಪನ ಮುಖ ಅವಳಿಗೆ ಫೋಟೋದಲ್ಲಿ ಗೊತ್ತು. ಅದಕ್ಕೇ ನಾನು ನನ್ನ ಮುಖ ತೋರಿಸೋ ಹಾಗಿಲ್ಲ. ನಿಮ್ಮಜ್ಜಿ ಮಾತಿನ ರಾಗ ಕೇಳಿದ ತಕ್ಷಣ ಗೊತ್ತಾಯ್ತು, ನಮ್ಮ ದ್ವೀಪದವರೇ ಅಂತ. ಅದೆಷ್ಟು ಚಿಕ್ಕ ಜಾಗ ನಿಂಗೂ ಗೊತ್ತಲ್ಲ..."

"ಹಾಗಾದ್ರೆ ರಜೆ ಸಿಕ್ಕಿದಾಗ?"

"ಮನಿಲಾದಲ್ಲಿ ಒಂದು ಬಾಡಿಗೆ ರೂಮು. ಅಲ್ಲೇ ಇರ್ತೀನಿ."

"ಅಣ್ಣ ಹೋದ ಮೇಲೆ ಮನೆಗೇ ಹೋಗಿಲ್ವಾ?!"

ಅವನು ತಲೆಯಾಡಿಸಿದ. ಬೈಯಲಿಲ್ಲ. ದೂರಲಿಲ್ಲ. ಟೋಪಿ ಎತ್ತಿಕೊಂಡು ಮೆಟ್ಟಿಲಿಳಿದು ಹೋದ. ಅವನು ಒಂದು ಮಾತು ಬೈದಿದ್ದರೂ ರಿಜಾಲಿನ್‌ಗೆ ಅಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಅವನು ಆ ಮೂಲೆಗೆ ಬರಲೇ ಇಲ್ಲ. ಊಟದ ಸಾಲಿನಲ್ಲಿ ಸಿಕ್ಕರೆ ತಲೆ ತಗ್ಗಿಸುತ್ತಿದ್ದ. ಅವನು ಮಾಡಿದ ಕರೆಗಳನ್ನು ಪಿಯಾ ಕತ್ತರಿಸುತ್ತಿದ್ದಳೆಂದು ಅಜ್ಜಿಯಿಂದ ಗೊತ್ತಾಯಿತು. ಹೌದು, ಕಾರಿಂಗ್ ಅಜ್ಜಿ ಈಗ ವಾರವಾರವೂ ಆ ಮನೆಗೆ ಹೋಗುತ್ತಿದ್ದಳು. ತನ್ನಿಂದಾದ ಗಾಯಕ್ಕೆ ತಾನೇ ಮದ್ದಾಗಬೇಕು ಅನ್ನೋ ಹಟ ಅವಳಿಗೆ.

"ಅವಳ ಅಜ್ಜಿ ಎಲ್ಲಾ ಹೇಳಿಬಿಟ್ಟಿದ್ದಾಳೆ ಇಂದಾಯ್. ಮಗು ಅಳಲೂ ಇಲ್ಲ, ಮಾತೂ ಆಡಲ್ಲ."

"ಫೋನ್ ಅವಳಿಗೆ ಕೊಡು ಲೋಲಾ."

"ಏನು ಹೇಳ್ತೀಯೇ?"

"ಗೊತ್ತಿಲ್ಲ. ಸುಳ್ಳಂತೂ ಹೇಳಲ್ಲ."

ಪಿಯಾ ಪರದೆಯಲ್ಲಿ ಅರ್ಧ ಮುಖವಷ್ಟೇ ತೋರಿಸಿದಳು.

"ಅತ್ತೆ," ಎಂದಳು ಕೊನೆಗೂ. "ನನ್ನ ಹಲ್ಲು ಬಿದ್ದಾಗ, ಇಲಿಗೆ ಕೊಡು ಗಟ್ಟಿ ಹಲ್ಲು ಬರುತ್ತೆ ಅಂದಿದ್ದು ಯಾರು?"

"ನಿನ್ನ ಚಿಕ್ಕಪ್ಪ."

"ಜ್ವರ ಬಂದಾಗ ಆಮೆ ಕಥೆ ಹೇಳಿದ್ದು?"

"ಅವರೇ ಇರ್ಬೇಕು ಪಿಯಾ."

"ಕಣ್ಣು ಮುಚ್ಚಿ ನಿದ್ದೆ ಮಾಡು, ನಾನು ಫೋನ್ ಇಡಲ್ಲ ಅಂದಿದ್ದು?"

"ಅವರೇ."

ಪಿಯಾ ಸುಮ್ಮನಾದಳು. ಸಿಗ್ನಲ್ ಹೋಯಿತೇನೋ ಎಂದು ರಿಜಾಲಿನ್ ಗಾಬರಿಯಾದಳು. ಇಲ್ಲ... ಹುಡುಗಿಯ ರೆಪ್ಪೆ ಬಡಿಯುತ್ತಿತ್ತು.

"ಹಾಗಾದ್ರೆ... ಎಲ್ಲಾ ಅವರೇನಾ?"

ಆಮೇಲೆ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ! ಚಿಕ್ಕಪ್ಪ ಒಣಮೀನು ತಿಂತಾರಾ? ನಗುವಾಗ ಕಣ್ಣು ಮುಚ್ಚುತ್ತಾ? ಅವರ ಹುಬ್ಬಿನ ಮೇಲೆ ಇರೋದು ಏನು? ರಿಜಾಲಿನ್ ಒಂದೊಂದಕ್ಕೂ ಉತ್ತರ ಕೊಟ್ಟಳು. ಹೇಳುತ್ತ ಹೇಳುತ್ತ ಅವಳಿಗೇ ಆಶ್ಚರ್ಯವಾಯಿತು. ಅಬ್ಬಾ, ಇವನನ್ನು ನಾನು ಎಷ್ಟು ನೋಡಿದ್ದೀನಿ!

ಕೊನೆಗೆ ಪಿಯಾ ಕೇಳಿದಳು. "ಹಡಗು ಈ ಕಡೆ ಬರುತ್ತಾ?"

ಬರುವುದಿತ್ತು. ಆ ಋತುವಿನಲ್ಲಿ ಹಡಗು ಅವರದೇ ದೇಶದ ಬೊರಕಾಯ್ ದ್ವೀಪದ ಬಳಿ ಲಂಗರು ಹಾಕುತ್ತಿತ್ತು.

ಲಂಗರು ಹಾಕಿದ ಬೆಳಗ್ಗೆ ರಿಜಾಲಿನ್ ಬಡಗಿಯ ಕೋಣೆಯ ಬಾಗಿಲು ತಟ್ಟಿದಳು.

"ದಡಕ್ಕೆ ಬನ್ನಿ ಮಾನೋಂಗ್. ಪಿಯಾ ಬಂದಿದ್ದಾಳೆ."

ಅವನ ಕೈಯಿಂದ ಉಳಿ ಜಾರಿತು. "ಅವಳಿಗೆ ನನ್ನ ಮುಖ ಕಂಡ್ರೆ ಆಗಲ್ಲ ರಿಜಾಲಿನ್."

"ಅದನ್ನ ಅವಳೇ ಹೇಳಲಿ. ಮಗು ಸಮುದ್ರ ದಾಟಿ, ರಾತ್ರಿಯಿಡೀ ಬಸ್ಸಲ್ಲಿ ಕೂತು ಬಂದಿದೆ. ನೀವು ದೋಣಿ ಹತ್ತೋಕೂ ಆಗಲ್ವಾ?"

ಇಬ್ಬರೂ ಚಿಕ್ಕ ದೋಣಿಯಲ್ಲಿ ದಡಕ್ಕೆ ಬಂದರು. ಕಟ್ಟೆಯ ಮೇಲೆ ಕಾರಿಂಗ್ ಅಜ್ಜಿ ಛತ್ರಿ ಹಿಡಿದು ನಿಂತಿದ್ದಳು. ಅವಳ ಲಂಗದ ಹಿಂದೆ ಪಿಯಾ.

ನೆಸ್ಟರ್ ದೂರದಲ್ಲೇ ನಿಂತ. ಪಿಯಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು.

ಆಗ ಹುಡುಗಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

"ಮಾತಾಡಿ."

"ಏನು... ಏನು ಮಾತಾಡ್ಲಿ?"

"ಫೋನಲ್ಲಿ ಮಾತಾಡೋ ಹಾಗೆ."

ನೆಸ್ಟರ್ ಗಂಟಲು ಸರಿಮಾಡಿಕೊಂಡ. "ಊಟ ಆಯ್ತಾ ಮಗಳೇ? ಮೀನಿನ ಮುಳ್ಳು ನೋಡ್ಕೊಂಡು ತಿಂದ್ಯಾ? ಕೂದಲು ಒದ್ದೆ ಇಟ್ಕೊಂಡು ಮಲಗಬೇಡ, ಶೀತ ಆಗುತ್ತೆ..."

ಮುಚ್ಚಿದ ರೆಪ್ಪೆಗಳ ಕೆಳಗಿಂದ ನೀರು ಇಳಿಯಿತು. ಅಪ್ಪ ಹೋದ ಸುದ್ದಿ ಕೇಳಿದಾಗಲೂ ಅಳದ ಮಗು ಈಗ ಬಿಕ್ಕಿ ಬಿಕ್ಕಿ ಅತ್ತಿತು. ಅಳುತ್ತಲೇ ಕಣ್ಣು ತೆರೆದು, ಹತ್ತಿರ ಬಂದು, ಅವನ ಕೆನ್ನೆ ಮುಟ್ಟಿ ನೋಡಿತು.

"ಚಿಕ್ಕಪ್ಪಾ."

ನೆಸ್ಟರ್ ಮಂಡಿಯೂರಿ ಅವಳನ್ನು ಎದೆಗೊತ್ತಿಕೊಂಡ.

"ನಮ್ಮಪ್ಪ ಹೇಗಿದ್ರು? ನಿಜವಾದ್ದು ಹೇಳಿ."

"ನನಗಿಂತ ಚೆನ್ನಾಗಿ ಈಜ್ತಿದ್ದ. ಕೆಟ್ಟದಾಗಿ ಹಾಡ್ತಿದ್ದ!" ಹೇಳುತ್ತಲೇ ಅವನ ದನಿ ಒಡೆಯಿತು. ಇಷ್ಟು ವರ್ಷ ಅಣ್ಣನನ್ನು ಬದುಕಿಸಿಟ್ಟವನಿಗೆ ಅವನಿಗಾಗಿ ಅಳಲೂ ಅವಕಾಶ ಸಿಕ್ಕಿರಲಿಲ್ಲ. ಅವತ್ತು ಸಿಕ್ಕಿತು.

ಹೊರಡುವ ಹೊತ್ತಾಯಿತು. ಅಜ್ಜಿ ಪಿಯಾಗೆ ಎಳನೀರು ಕೊಡಿಸುವ ನೆಪದಲ್ಲಿ ಅವಳನ್ನು ಅತ್ತ ಕರೆದುಕೊಂಡು ಹೋದಳು. ಕಟ್ಟೆಯ ಮೇಲೆ ಇಬ್ಬರೇ ಉಳಿದರು.

"ನನ್ನನ್ನ ಕ್ಷಮಿಸ್ತೀರಾ ಮಾನೋಂಗ್?"

"ಮೊದಲು ಆ ಮಾನೋಂಗ್ ಬಿಡು. ನಿನಗಿಂತ ಅಂಥ ದೊಡ್ಡವನೇನಲ್ಲ ನಾನು."

"ಮತ್ತೆ... ಏನಂತ ಕರೀಲಿ?"

"ನೆಸ್ಟರ್ ಅಂತ. ಆ ಹೆಸರಿಂದ ಯಾರಾದ್ರೂ ಪ್ರೀತಿಯಿಂದ ಕರೆದು ತುಂಬ ದಿನ ಆಯ್ತು."

ಅವಳ ಕಣ್ಣು ತುಂಬಿತು. "ನೆಸ್ಟರ್," ಎಂದಳು ಮೆಲ್ಲಗೆ.

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಇಷ್ಟು ದಿನ ಬೇರೆಯವನಾಗಿ ಮಾತಾಡಿದ್ದೀನಿ ರಿಜಾಲಿನ್. ಈಗ ನಾನು ನಾನಾಗೇ ಒಂದು ಮಾತು ಹೇಳ್ಲಾ? ನಂಗೆ ನೀನಂದ್ರೆ ತುಂಬ ಇಷ್ಟ. ಈ ರಜೆಗೆ ಊರಿಗೆ ಹೋಗ್ತೀನಿ. ನನ್ನ ಜೊತೆ ನಮ್ಮ ಮನೆಗೆ ಬರ್ತೀಯಾ?"

ಅವಳು ಸಮುದ್ರದ ಕಡೆ ತಿರುಗಿ ನಿಂತಳು. ತುಟಿಯಲ್ಲಿ ನಗು ಒತ್ತಿಹಿಡಿದಿದ್ದಳು.

"ಇನ್ನೊಂದ್ಸಲ ಹೇಳಿ."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದಳು ರಿಜಾಲಿನ್, ಅವನ ಕೈ ಹಿಡಿಯುತ್ತ. "ಅದಕ್ಕೇ."